ಎಫ್‌ಬಿಐ ವಾಲ್ಟ್: ಒಬ್ಬ ಟೈಪಿಸ್ಟ್ ಓದಿದ ಹಾಗೆ

ಇಪ್ಪತ್ತೊಂಬತ್ತು ವರ್ಷ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದೆ. ಸಾಕ್ಷಿ ಹೇಳಿದ್ದನ್ನು ಸಾಹೇಬರು ಹೇಳಿ ಬರೆಸುತ್ತಿದ್ದರು, ನಾನು ಕುಟ್ಟುತ್ತಿದ್ದೆ. ನಿವೃತ್ತಿಯಾದ ಮೇಲೆ ಬೇರೆಯವರು ಕುಟ್ಟಿದ್ದನ್ನು ಓದುವ ಚಟ ಹತ್ತಿಕೊಂಡಿದೆ. ಇದನ್ನು ಹಚ್ಚಿದವನು ತಮ್ಮನ ಮಗ. "ಅತ್ತೆ, ಅಲ್ ಕಪೋನ್ ಫೈಲ್ ಇದೆ, ನೋಡಿ" ಅಂತ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ನಡೆಸುವ 'ವಾಲ್ಟ್' ಜಾಲತಾಣ ತೆರೆದು ಕೊಟ್ಟ. ಆರು ತಿಂಗಳಿಂದ ರಾತ್ರಿ ಊಟ ಆದ ಮೇಲೆ ಇದೇ ಕೆಲಸ.

ವಾಲ್ಟ್ ಅಂದರೆ ಎಫ್‌ಬಿಐನ ಹಳೆಯ ಕಡತಗಳ ಓದುವ ಮನೆ. 2011ರಿಂದ ಇದೆ. ದುಡ್ಡು ಕೊಡಬೇಕಿಲ್ಲ, ಹೆಸರು ನೋಂದಾಯಿಸಬೇಕಿಲ್ಲ. ಹೆಸರು ಹುಡುಕಿ, ಒತ್ತಿ, ಓದಿ, ಅಷ್ಟೇ. ಇದರ ಬೆನ್ನಿಗೆ 1966ರ ಅವರ ಮಾಹಿತಿ ಸ್ವಾತಂತ್ರ್ಯ ಕಾಯ್ದೆ ಇದೆ. ಆ ದೇಶದ ಪ್ರಜೆ ಅಲ್ಲದವರೂ ಅರ್ಜಿ ಹಾಕಬಹುದು. ಯಾಕೆ ಬೇಕು ಅಂತ ಕಾರಣ ಕೊಡಬೇಕಿಲ್ಲ. ಮೂರು ಸಲ ಯಾರಾದರೂ ಕೇಳಿದ ಕಡತವನ್ನು ಇಲಾಖೆ ತಾನೇ ಎಲ್ಲರೂ ಓದುವ ಹಾಗೆ ಇಡಬೇಕು ಅಂತಲೂ ಕಾಯ್ದೆಯಲ್ಲಿದೆ. ಕೇಸಿಗೆ ಸಂಬಂಧ ಇಲ್ಲದವರು ನಕಲು ಕೇಳಿದರೆ "ನಿಮಗ್ಯಾಕೆ?" ಎನ್ನುವ ಪ್ರಶ್ನೆ ಮೊದಲು ಬರುತ್ತಿದ್ದ ಕಡೆ ಕೆಲಸ ಮಾಡಿದವಳು ನಾನು. ಕಾರಣ ಕೊಡಬೇಕಿಲ್ಲ ಎನ್ನುವ ಸಾಲನ್ನು ಎರಡು ಸಲ ಓದಿದೆ.

ಮೊದಲು ತೆರೆದದ್ದು ಷಿಕಾಗೋದ ಹೆಸರಾಂತ ಗ್ಯಾಂಗ್‌ಸ್ಟರ್ ಕಪೋನ್‌ನ ಕಡತ. ಗುಂಡಿನ ಸದ್ದು, ರಕ್ತ, ಕಳ್ಳಬಟ್ಟಿ ಎಲ್ಲ ಇರುತ್ತದೆ ಅಂದುಕೊಂಡಿದ್ದೆ. ಸಿಕ್ಕಿದ್ದು ಒಂದು ಮೆಡಿಕಲ್ ಸರ್ಟಿಫಿಕೇಟ್ ಕಥೆ! 1929ರ ಮಾರ್ಚ್‌ನಲ್ಲಿ ಷಿಕಾಗೋದ ಫೆಡರಲ್ ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸಬೇಕೇ ಬೇಡವೇ ಅಂತ ತೀರ್ಮಾನಿಸುವ ನಾಗರಿಕರ ತಂಡ) ಎದುರು ಸಾಕ್ಷಿ ಹೇಳಲು ಬಾ ಅಂತ ಕಪೋನ್‌ಗೆ ಸಮನ್ಸ್ ಹೋಗಿತ್ತು. ಆತ ಮಯಾಮಿಯಲ್ಲಿದ್ದ. ಡಾಕ್ಟರೊಬ್ಬರು ಪ್ರಮಾಣ ಮಾಡಿ ಬರೆದುಕೊಟ್ಟರು: ನ್ಯುಮೋನಿಯಾ, ಜನವರಿ 13ರಿಂದ ಫೆಬ್ರವರಿ 23ರವರೆಗೆ ಹಾಸಿಗೆ ಹಿಡಿದಿದ್ದರು, ಪ್ರಯಾಣ ಮಾಡಿದರೆ ಜೀವಕ್ಕೆ ಅಪಾಯ. ಎಷ್ಟು ವಾಯಿದೆ ಅರ್ಜಿಗಳಲ್ಲಿ ಈ ಸಾಲನ್ನು ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ನಮ್ಮಲ್ಲಿ ಅದನ್ನು ಯಾರೂ ಹೋಗಿ ಪರೀಕ್ಷೆ ಮಾಡುತ್ತಿರಲಿಲ್ಲ. ಇವರು ಮಾಡಿದರು. ಏಜೆಂಟರು ಒಬ್ಬೊಬ್ಬರನ್ನೇ ಹಿಡಿದು ಹೇಳಿಕೆ ಪಡೆದರು. ಹಾಸಿಗೆ ಹಿಡಿದ ಮನುಷ್ಯ ಕುದುರೆ ರೇಸಿಗೆ ಹೋಗಿದ್ದ. ವಿಮಾನ ಹತ್ತಿ ಬಹಾಮಾಸ್‌ನ ಬಿಮಿನಿ ದ್ವೀಪಕ್ಕೆ ಹೋಗಿ ಬಂದಿದ್ದ. ಅಲ್ಲಿನದೇ ನಸ್ಸಾವ್‌ಗೆ ಹಡಗಿನಲ್ಲಿ ವಿಹಾರ. ಅದೂ ಸಾಲದು ಅಂತ ಮಯಾಮಿಯ ಸರ್ಕಾರಿ ವಕೀಲರ ಕಚೇರಿಗೇ ಬಂದು ಕೂತು ಪ್ರಶ್ನೆಗೆ ಉತ್ತರ ಕೊಟ್ಟಿದ್ದ, ಗುಂಡುಕಲ್ಲಿನ ಹಾಗೆ. ಮಾರ್ಚ್ 27ರಂದು ಸಾಕ್ಷಿ ಮುಗಿಸಿ ಹೊರಗೆ ಬರುತ್ತಿದ್ದ ಹಾಗೆ ಕೋರ್ಟ್ ನಿಂದನೆ ಅಂತ ಬಂಧಿಸಿದರು. ಆ ಕೇಸಿಗೆ 1931ರಲ್ಲಿ ಆರು ತಿಂಗಳ ಶಿಕ್ಷೆ ಆಯಿತು.

ನಾನು ಒಬ್ಬಳೇ ಕೂತು ನಕ್ಕೆ.

ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಪೋನ್‌ಗೆ 11 ವರ್ಷ ಶಿಕ್ಷೆ ಆದದ್ದು ತೆರಿಗೆ ಕೇಸಿನಲ್ಲಿ. ಆ ತನಿಖೆ ಖಜಾನೆ ಇಲಾಖೆಯದು, ಎಫ್‌ಬಿಐಯದಲ್ಲ. ಹಾಗಾಗಿ ಅದನ್ನು ಹುಡುಕಿಕೊಂಡು ಇಲ್ಲಿಗೆ ಬಂದವರು ಬರಿಗೈಲಿ ಹೋಗುತ್ತಾರೆ. ಪೊಲೀಸ್ ಕಡತ ಬೇರೆ, ಕೋರ್ಟ್ ಕಡತ ಬೇರೆ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ, ಪಾಪ. ಅಲ್ಲಿನ ಫೆಡರಲ್ ಕೋರ್ಟಿನ ಈಚಿನ ದಾಖಲೆ ಬೇಕಿದ್ದರೆ 'ಪೇಸರ್' ಅಂತ ಬೇರೆಯದೇ ವ್ಯವಸ್ಥೆ. ಅಲ್ಲಿ ಪುಟಕ್ಕೆ 10 ಸೆಂಟ್. ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ಬಿಲ್ ಕೇಳುವುದಿಲ್ಲ. ನಾನು ಇನ್ನೂ ಆ ಕಡೆ ಹೋಗಿಲ್ಲ. ವಾಲ್ಟೇ ಮುಗಿದಿಲ್ಲ, ಇನ್ನು ಅದೆಲ್ಲಿ!

ಈಗ ಓದುತ್ತಿರುವುದು ಡಿ.ಬಿ. ಕೂಪರ್ ಕಡತ. 1971ರ ನವೆಂಬರ್ 24. ಪೋರ್ಟ್‌ಲ್ಯಾಂಡ್‌ನಿಂದ ಸಿಯಾಟಲ್‌ಗೆ ಹೊರಟ ವಿಮಾನದಲ್ಲಿ ಒಬ್ಬ, ಬಾಂಬ್ ಇದೆ ಅಂತ ಹೆದರಿಸಿ 2 ಲಕ್ಷ ಡಾಲರ್ ಮತ್ತು ನಾಲ್ಕು ಪ್ಯಾರಾಚೂಟ್ ಪಡೆದ. ರಾತ್ರಿ ಹಿಂಬಾಗಿಲ ಮೆಟ್ಟಿಲಿಂದ ಹಾರಿದ. ಸಿಗಲೇ ಇಲ್ಲ. ಬಿಟ್ಟುಹೋದದ್ದರಲ್ಲಿ ಒಂದು ಕಪ್ಪು ಟೈ. 1980ರಲ್ಲಿ ನದಿ ದಡದ ಮರಳಿನಲ್ಲಿ ಒಬ್ಬ ಹುಡುಗನಿಗೆ ಆ ದುಡ್ಡಿನಲ್ಲಿ 5,800 ಡಾಲರ್ ಸಿಕ್ಕಿತು. 2016ರಲ್ಲಿ ಎಫ್‌ಬಿಐ ಈ ಕೇಸಿನ ಸಕ್ರಿಯ ತನಿಖೆ ನಿಲ್ಲಿಸಿತು. ಅಂದಹಾಗೆ, ಆತ ಕೊಟ್ಟ ಹೆಸರು ಡ್ಯಾನ್ ಕೂಪರ್. 'ಡಿ.ಬಿ.' ಪತ್ರಿಕೆಯವರ ತಪ್ಪು. ತಪ್ಪೇ ಉಳಿದುಕೊಂಡಿತು.

ಕಡತ ಭಾಗ ಭಾಗವಾಗಿ ಇದೆ, ಒಂದು ಮುಗಿಸುವಷ್ಟರಲ್ಲಿ ಇನ್ನೊಂದು. ಕಥೆಯ ಹಾಗೆ ಓದಿಸಿಕೊಂಡು ಹೋಗುವುದಿಲ್ಲ. ಕಡತ ಅಂದರೆ ಬಂದ ಕಾಗದವನ್ನು ಬಂದ ಹಾಗೆ ಪೋಣಿಸಿದ್ದು, ಅಲ್ವಾ? ಇಲ್ಲಿ ಒಂದು ತಂತಿ, ಅಲ್ಲೊಂದು ಹೇಳಿಕೆ, ನಡುವೆ ಜನ ಕೊಟ್ಟ ಸುಳಿವು. ಪಕ್ಕದ ಮನೆಯವನ ಮೇಲೆ ಅನುಮಾನ, ನೆಂಟನ ಮೇಲೆ ಅನುಮಾನ. ಮೊದಲ ಐದು ವರ್ಷದಲ್ಲೇ 800ಕ್ಕೂ ಜಾಸ್ತಿ ಜನರನ್ನು ಪರಿಶೀಲಿಸಿದ್ದರಂತೆ. ಹಳೆಯ ಪ್ರತಿಗಳಲ್ಲಿ ಅಕ್ಷರ ಮಂಕು. ಕಾರ್ಬನ್ನಿನ ನಾಲ್ಕನೇ ಪ್ರತಿಯನ್ನು ಓದಿ ಅಭ್ಯಾಸ ಇದ್ದವರಿಗೆ ಇದೇನೂ ಅಲ್ಲ. ಉಳಿದವರು ದೊಡ್ಡ ಪರದೆಯಲ್ಲಿ ಓದಿ, ಮೊಬೈಲಿನಲ್ಲಿ ಬೇಡ.

ಎಲ್ಲರೂ ಬೈಯುವುದು ಮುಚ್ಚಿದ ಸಾಲುಗಳನ್ನು. ಕೆಲವು ಕಡೆ ಕಪ್ಪು ಪಟ್ಟಿ, ಕೆಲವು ಕಡೆ ಬಿಳಿ ಚೌಕ. ತಮ್ಮನ ಮಗನಂತೂ "ಇಷ್ಟೆಲ್ಲ ಮುಚ್ಚಿ ಏನು ತೋರಿಸ್ತಾರೆ" ಅಂತ ಎರಡನೇ ದಿನಕ್ಕೇ ಬಿಟ್ಟ. ನನಗೆ ಹಾಗನ್ನಿಸಲಿಲ್ಲ. ಪಕ್ಕದಲ್ಲಿ ಸಣ್ಣ ಅಕ್ಷರ ಇರುತ್ತದೆ, ನೋಡಿ. ಬಿ7ಸಿ ಅಂದರೆ ಯಾರದೋ ಖಾಸಗಿ ಬದುಕು. ಬಿ7ಡಿ ಅಂದರೆ ಗುಟ್ಟಾಗಿ ಸುಳಿವು ಕೊಟ್ಟವರು. ಬಿ1 ದೇಶದ ಭದ್ರತೆ. ಒಟ್ಟು ಒಂಬತ್ತು ಕಾರಣಕ್ಕೆ ಮಾತ್ರ ಮುಚ್ಚಬಹುದು, ಮುಚ್ಚಿದಲ್ಲಿ ಕಾರಣ ಬರೆಯಬೇಕು. ಪೂರ್ತಿ ಪುಟ ತೆಗೆದಿದ್ದರೆ ಅದರ ಜಾಗದಲ್ಲಿ ಇಂಥ ಪುಟ ತೆಗೆದಿದೆ ಎನ್ನುವ ಹಾಳೆ. ಕಡತದಿಂದ ಹಾಳೆ ಸುಮ್ನೆ ಮಾಯವಾಗುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ಆ 800 ಜನರಲ್ಲಿ ಬಹುತೇಕರು ಏನೂ ಮಾಡದವರು. ಅವರ ಹೆಸರು ನನಗ್ಯಾಕೆ? 2025ರ ಮಾರ್ಚ್‌ನಲ್ಲಿ ಅಧ್ಯಕ್ಷ ಕೆನಡಿ ಹತ್ಯೆಯ ದಾಖಲೆಗಳನ್ನು ಅಲ್ಲಿನ ರಾಷ್ಟ್ರೀಯ ದಾಖಲೆ ಸಂಗ್ರಹಾಲಯ ಮುಸುಕು ತೆಗೆದು ಬಿಟ್ಟಾಗ, ಬದುಕಿರುವವರ ಸಾಮಾಜಿಕ ಭದ್ರತಾ ಸಂಖ್ಯೆಗಳೂ (ಅಲ್ಲಿ ಗುರುತಿಗೆ ಬಳಸುವ ಖಾಸಗಿ ಸಂಖ್ಯೆ) ಹೊರಗೆ ಬಂದವು.

ಹಾಗಂತ ಎಲ್ಲ ಮುಚ್ಚಿದ್ದೂ ಸರಿ ಅನ್ನುತ್ತಿಲ್ಲ. ಐವತ್ತು ವರ್ಷ ಹಳೆಯ ವರದಿಯಲ್ಲಿ ತನಿಖೆ ಮಾಡಿದ ಏಜೆಂಟನ ಹೆಸರೂ ಬೇಡವೇ? ಸರ್ಕಾರಿ ಕೆಲಸ ಮಾಡಿದವರು ಸಹಿ ಹೊತ್ತುಕೊಳ್ಳಬೇಕು. ಇದಕ್ಕೆ ನಾನು ಒಂದು ಅಂಕ ಕಳೆಯುತ್ತೇನೆ. ಐದಕ್ಕೆ ನಾಲ್ಕು.

ಹೊಸದಾಗಿ ಶುರು ಮಾಡುವವರು ಗೈ ಹಾಟೆಲ್ ಹೆಸರು ಹುಡುಕಿ. 1950ರ ಒಂದೇ ಪುಟದ ಟಿಪ್ಪಣಿ, ಹಾರುವ ತಟ್ಟೆಗಳ ಬಗ್ಗೆ ಯಾರೋ ಹೇಳಿದ್ದು. ಅಪರಾಧ ಅಲ್ಲ, ಆದರೂ ವಾಲ್ಟಿನಲ್ಲಿ ಜನ ಅತಿ ಹೆಚ್ಚು ನೋಡಿದ್ದು ಅದನ್ನೇ ಅಂತ 2013ರಲ್ಲಿ ಎಫ್‌ಬಿಐ ಹೇಳಿತ್ತು. ಎರಡು ನಿಮಿಷದಲ್ಲಿ ಕಾಗದದ ರೂಪ ತಿಳಿಯುತ್ತದೆ. ಆಮೇಲೆ ಕಪೋನ್. ಕೂಪರ್‌ಗೆ ಕೊನೆಗೆ ಬನ್ನಿ, ತಾಳ್ಮೆ ಇದ್ದರೆ.

ಕೂಪರ್ ಕಡತದಲ್ಲಿ ಎಫ್‌ಡಿ-302 ಎನ್ನುವ ನಮೂನೆ ಸಿಗುತ್ತದೆ. ಹೇಳಿಕೆ ಬರೆದುಕೊಳ್ಳುವ ಹಾಳೆ. ಅದರ ಕೆಳಗಡೆ ಯಾವ ದಿನ ವಿಚಾರಿಸಿದ್ದು, ಯಾವ ದಿನ ಹೇಳಿ ಬರೆಸಿದ್ದು, ಎರಡಕ್ಕೂ ಜಾಗ ಇದೆ. ಏಜೆಂಟನ ಹೆಸರಿನ ಜಾಗದ ನಂತರ ಒಂದು ಓರೆ ಗೀಟು, ಆಮೇಲೆ ಎರಡೋ ಮೂರೋ ಸಣ್ಣ ಅಕ್ಷರ. ಓದುವವರು ಅದನ್ನು ದಾಟಿ ಹೋಗುತ್ತಾರೆ. ಅದು ಟೈಪ್ ಮಾಡಿದವರ ಗುರುತು. ಈಗ ನಾನು ಪ್ರತಿ ಪುಟ ತೆರೆದ ಕೂಡಲೇ ಮೊದಲು ಅಲ್ಲಿಗೇ ಹೋಗಿ ನೋಡುತ್ತೇನೆ.