ಸ್ನೋ ಡೇ ಬದಲು ಆನ್‌ಲೈನ್ ಶಾಲೆ: ಐದು ಚಳಿಗಾಲ ಬಳಸಿದ ಮೇಲೆ

ಹಿಮ ಬಿದ್ದು ರಸ್ತೆ ಮುಚ್ಚಿದ ದಿನ ರಜೆ ಕೊಡುವ ಬದಲು ಮಕ್ಕಳನ್ನು ಮನೆಯಿಂದಲೇ ಲಾಗಿನ್ ಮಾಡಿಸುವ ಪದ್ಧತಿ ಅಮೆರಿಕದ ಹಲವು ರಾಜ್ಯಗಳಲ್ಲಿ ಬೇರೂರಿದೆ. ಇಲ್ಲಿ ಬರೆಯುತ್ತಿರುವುದು ಪೆನ್ಸಿಲ್ವೇನಿಯಾದ ವ್ಯವಸ್ಥೆಯ ಬಗ್ಗೆ. ಅಲ್ಲಿ ಇದರ ಹೆಸರು ಫ್ಲೆಕ್ಸಿಬಲ್ ಇನ್‌ಸ್ಟ್ರಕ್ಷನಲ್ ಡೇ, ಬಾಯಿಮಾತಿನಲ್ಲಿ ಎಫ್‌ಐಡಿ. 2019ರಲ್ಲಿ ಬಂದ ಕಾಯ್ದೆಯ ಪ್ರಕಾರ ಒಂದು ಶಾಲಾ ವರ್ಷಕ್ಕೆ ಹೆಚ್ಚೆಂದರೆ 5 ದಿನ. ಸ್ಕೂಲ್ ಡಿಸ್ಟ್ರಿಕ್ಟು, ಅಂದರೆ ಆ ಪ್ರದೇಶದ ಶಾಲೆಗಳನ್ನು ನಡೆಸುವ ಆಡಳಿತ, ರಾಜ್ಯ ಶಿಕ್ಷಣ ಇಲಾಖೆಗೆ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ಒಮ್ಮೆ ಸಿಕ್ಕ ಒಪ್ಪಿಗೆ 3 ವರ್ಷ ನಡೆಯುತ್ತದೆ. ಆ ದಿನ ವರ್ಷದ 180 ದಿನಗಳ ಲೆಕ್ಕಕ್ಕೆ ಸೇರುವುದರಿಂದ ಜೂನ್‌ನಲ್ಲಿ ಹೆಚ್ಚುವರಿ ದಿನ ಶಾಲೆ ನಡೆಸಬೇಕಾಗಿಲ್ಲ.

ಅಂಕ ಕೊಡಲೇಬೇಕೆಂದರೆ, ಮಿಡ್ಲ್ ಸ್ಕೂಲಿಗೆ 5ಕ್ಕೆ ಮೂರೂವರೆ, ಎರಡನೇ ಕ್ಲಾಸಿನವರೆಗಿನ ಮಕ್ಕಳಿಗೆ 5ಕ್ಕೆ ಎರಡು. ಒಂದು ದಿನದ ಮಟ್ಟಿಗೆ ಕೆಲಸ ಮಾಡುತ್ತದೆ. ಸತತ ಎರಡನೇ ದಿನಕ್ಕೆ ಸೊರಗುತ್ತದೆ. ಮೂರನೇ ದಿನಕ್ಕೆ ಹಾಜರಾತಿ ಪಟ್ಟಿ ಬಿಟ್ಟು ಬೇರೇನೂ ಉಳಿಯುವುದಿಲ್ಲ.

ಇಷ್ಟು ವರ್ಷದ ಬಳಕೆಯಲ್ಲಿ ಖಚಿತವಾಗಿರುವ ಸಂಗತಿಯೊಂದಿದೆ. ಎಫ್‌ಐಡಿ ದಿನ ಸುಸೂತ್ರವಾಗುತ್ತದೋ ಇಲ್ಲವೋ ಎಂಬುದು ಹಿಂದಿನ ದಿನ ಮಧ್ಯಾಹ್ನ ಮೂರು ಗಂಟೆಗೆ, ಮಗುವಿನ ಬ್ಯಾಗಿನಲ್ಲಿ ತೀರ್ಮಾನವಾಗಿರುತ್ತದೆ.

ಪ್ರೈಮರಿ ಶಾಲೆಗಳಲ್ಲಿ ಕ್ರೋಮ್‌ಬುಕ್‌ಗಳು (ಶಾಲೆ ಕೊಡುವ ಚಿಕ್ಕ ಲ್ಯಾಪ್‌ಟಾಪ್‌ಗಳು) ಸಾಮಾನ್ಯವಾಗಿ ಕ್ಲಾಸಿನ ಮೂಲೆಯ ಚಾರ್ಜಿಂಗ್ ಕಾರ್ಟ್‌ನಲ್ಲಿರುತ್ತವೆ. ಚಾರ್ಜರುಗಳನ್ನು ಕಾರ್ಟ್‌ನ ಒಳಗೇ ವೈರು ಸುತ್ತಿ ಬಿಗಿದಿರುತ್ತಾರೆ. ನಾಳೆ ಹಿಮ ಎಂದು ಗೊತ್ತಾದಾಗ ಟೀಚರ್ ಕ್ರೋಮ್‌ಬುಕ್ಕನ್ನು ಬ್ಯಾಗಿಗೆ ಹಾಕಿ ಕಳಿಸುತ್ತಾರೆ, ಚಾರ್ಜರ್ ಕಾರ್ಟ್‌ನಲ್ಲೇ ಉಳಿಯುತ್ತದೆ. ಹೊಸ ಯಂತ್ರವಾದರೆ ತೊಂದರೆಯಿಲ್ಲ, ಒಂದು ಶಾಲಾ ದಿನ ಆರಾಮಾಗಿ ತಳ್ಳುತ್ತದೆ. ಮೂರು ನಾಲ್ಕು ವರ್ಷ ಮಕ್ಕಳ ಕೈಯಲ್ಲಿ ಓಡಾಡಿದ ಯಂತ್ರ ವಿಡಿಯೋ ಕಾಲ್ ಹಾಕಿದರೆ ಊಟದ ಹೊತ್ತಿಗೆ ಕಣ್ಣು ಮುಚ್ಚುತ್ತದೆ. ಇದಕ್ಕೆ ಪರಿಹಾರ ಅಗ್ಗದ್ದು: ಯುಎಸ್‌ಬಿ-ಸಿ ಬಾಯಿಯ 45 ವಾಟ್ ಚಾರ್ಜರ್ ಒಂದನ್ನು ಮನೆಯಲ್ಲಿ ಕಾಯಂ ಆಗಿ ಇಡುವುದು. ಕಳೆದ ಕೆಲವು ವರ್ಷಗಳ ಹೆಚ್ಚಿನ ಕ್ರೋಮ್‌ಬುಕ್‌ಗಳಿಗೆ ಅದು ಹೊಂದುತ್ತದೆ. ಫೋನಿನ ಜೊತೆ ಬರುವ ಚಿಕ್ಕ ಚಾರ್ಜರ್ ಸಾಲದು. ಕಾಲ್ ನಡೆಯುತ್ತಿರುವಾಗ ಅದು ತುಂಬುವುದಕ್ಕಿಂತ ಬೇಗ ಬ್ಯಾಟರಿ ಇಳಿಯುತ್ತದೆ.

ಎರಡನೆಯದು ಲಾಗಿನ್. ಶಾಲೆಯ ಕ್ರೋಮ್‌ಬುಕ್‌ಗೆ ಶಾಲೆಯ ವೈ-ಫೈ ಮಾತ್ರ ಗೊತ್ತಿರುತ್ತದೆ. ಆ ಯಂತ್ರದಲ್ಲಿ ಮಗು ಹಿಂದೆ ಲಾಗಿನ್ ಆಗಿರದಿದ್ದರೆ, ಅಂದರೆ ಕಾರ್ಟ್‌ನಿಂದ ಬೇರೆ ನಂಬರಿನದ್ದು ಕೈಗೆ ಬಂದಿದ್ದರೆ, ಇಂಟರ್‌ನೆಟ್ ಇಲ್ಲದೆ ಒಳಗೇ ಬಿಡುವುದಿಲ್ಲ. ಲಾಗಿನ್ ಪರದೆಯ ಬಲಬದಿಯ ಕೆಳಮೂಲೆಯಲ್ಲಿ ಗಡಿಯಾರದ ಪಕ್ಕ ಒತ್ತಿದರೆ ವೈ-ಫೈ ಪಟ್ಟಿ ಬರುತ್ತದೆ. ಮನೆಯ ನೆಟ್‌ವರ್ಕನ್ನು ಅಲ್ಲಿಂದಲೇ ಸೇರಿಸಬೇಕು. ನವೆಂಬರ್‌ನಲ್ಲಿ ಯಾವುದಾದರೂ ಶುಕ್ರವಾರ ಯಂತ್ರವನ್ನು ಮನೆಗೆ ತರಿಸಿ ಇದನ್ನು ಒಮ್ಮೆ ಮಾಡಿಟ್ಟರೆ ಜನವರಿಯ ಅರ್ಧ ತಲೆನೋವು ಇಲ್ಲ.

ಮೂರನೆಯದು ಹಾಜರಾತಿ ಫಾರ್ಮ್. ಶಾಲೆಯಿಂದ ಬಂದ ಲಿಂಕನ್ನು ಅಪ್ಪನೋ ಅಮ್ಮನೋ ತಮ್ಮ ಫೋನಿನಲ್ಲಿ ತೆರೆಯುತ್ತಾರೆ, 'ಅನುಮತಿ ಇಲ್ಲ' ಎಂದು ಬರುತ್ತದೆ. ಫಾರ್ಮು ಶಾಲೆಯ ಖಾತೆಗಳಿಗೆ ಮಾತ್ರ ತೆರೆಯುವಂತೆ ಕಟ್ಟಿರುತ್ತಾರೆ, ಫೋನು ಮನೆಯವರ ಸ್ವಂತ ಜಿಮೇಲ್‌ನಲ್ಲಿ ಅದನ್ನು ತೆರೆಯಲು ಹೋಗಿರುತ್ತದೆ. ಮಗುವಿನ ಕ್ರೋಮ್‌ಬುಕ್‌ನಲ್ಲೇ ತೆರೆಯಬೇಕು, ಇಲ್ಲವಾದರೆ ಮನೆಯ ಕಂಪ್ಯೂಟರಿನ ಕ್ರೋಮ್‌ನಲ್ಲಿ ಮಗುವಿನ ಶಾಲಾ ಖಾತೆಗೆ ಬೇರೆ ಪ್ರೊಫೈಲ್ ಮಾಡಿಡಬೇಕು. ಹಾಗೆಯೇ, ಟೀಚರ್ ಹಾಕಿದ ವಿಡಿಯೋ ಮನೆಯ ಲ್ಯಾಪ್‌ಟಾಪಿನಲ್ಲಿ ಓಡಿ ಕ್ರೋಮ್‌ಬುಕ್‌ನಲ್ಲಿ ಓಡದಿದ್ದರೆ ಮನೆಯ ಇಂಟರ್‌ನೆಟ್ಟನ್ನು ಬೈಯಬೇಡಿ. ಶಾಲೆ ಹಾಕಿರುವ ಫಿಲ್ಟರ್ ಯಂತ್ರದ ಜೊತೆಗೇ ಮನೆಗೆ ಬರುತ್ತದೆ.

ನೆಟ್ ವೇಗದ ವಿಷಯದಲ್ಲಿ ಎಲ್ಲರೂ ನೋಡುವುದು ಡೌನ್‌ಲೋಡ್. ಇಲ್ಲಿ ಕೈಕೊಡುವುದು ಅಪ್‌ಲೋಡ್. ಹಿಮ ಬಿದ್ದ ದಿನ ಇಬ್ಬರು ಮಕ್ಕಳು, ಮನೆಯಿಂದಲೇ ಆಫೀಸಿನ ಮೀಟಿಂಗಿನಲ್ಲಿರುವ ಒಬ್ಬರು, ಮೂವರದೂ ಕ್ಯಾಮೆರಾ ಚಾಲೂ. ಒಂದೊಂದಕ್ಕೆ 3 ಎಂಬಿಪಿಎಸ್ ಎಂದರೂ 9 ಆಯಿತು. ಕೇಬಲ್ ಇಂಟರ್‌ನೆಟ್‌ನ ಕಡಿಮೆ ದರದ ಪ್ಲಾನುಗಳಲ್ಲಿ ಅಪ್‌ಲೋಡ್ ಇರುವುದೇ 10ರ ಆಸುಪಾಸು. ಮಕ್ಕಳ ಮಾತು ಕಡಿದು ಕಡಿದು ಬರುವುದು ಇದರಿಂದ. ಟೀಚರ್ ಒಪ್ಪಿದರೆ ಹಾಜರಿ ಹೇಳಿದ ಮೇಲೆ ಮಕ್ಕಳ ಕ್ಯಾಮೆರಾ ಆಫ್ ಮಾಡಿಸಿ, ಕೂಡಲೇ ಸರಿಹೋಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನಡೆಸುವವರು ವಿಡಿಯೋ ಕ್ಲಾಸಿಗೆ ಗಂಟೆಗೆ ಸುಮಾರು 1 ಜಿಬಿ ಲೆಕ್ಕ ಇಟ್ಟುಕೊಳ್ಳಿ.

ಕರೆಂಟಿನ ಮಾತು ಬಂದರೆ, ಹಗುರ ಹಿಮಕ್ಕಿಂತ ಮಂಜುಗಡ್ಡೆಯಾಗುವ ಮಳೆ ಅಪಾಯ. ಬೀಳುತ್ತಲೇ ಕೊಂಬೆಗೂ ತಂತಿಗೂ ಗಾಜಿನಂತೆ ಅಂಟಿ ತೂಕ ಹೆಚ್ಚಿಸಿ, ಕೊಂಬೆ ಮುರಿದು ತಂತಿಯ ಮೇಲೆ ಬೀಳುತ್ತದೆ. ಮೋಡೆಮ್, ರೂಟರ್ ಎರಡೂ ಸೇರಿ ಎಳೆಯುವುದು 20 ವಾಟ್‌ನ ಆಚೀಚೆ. 600 ವಿಎ ಯುಪಿಎಸ್ ಒಂದಿದ್ದರೆ ಸುಮಾರು ಒಂದೂವರೆ ಎರಡು ಗಂಟೆ ನಡೆಯುತ್ತದೆ, ಬೆಳಗಿನ ಹಾಜರಾತಿಗೂ ಒಂದು ಲೈವ್ ಕ್ಲಾಸಿಗೂ ಸಾಕು. ಯುಪಿಎಸ್ ಇಟ್ಟುಕೊಳ್ಳುವ ಅಭ್ಯಾಸ ಬೆಂಗಳೂರಿನಿಂದ ಹೋದವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಬೀದಿಯ ಕೇಬಲ್ ಪೆಟ್ಟಿಗೆಗೇ ಕರೆಂಟ್ ಹೋದರೆ ಮನೆಯ ಯುಪಿಎಸ್ ಇದ್ದೂ ಪ್ರಯೋಜನವಿಲ್ಲ.

ಪುಟ್ಟ ಮಕ್ಕಳ ವಿಷಯ ಬೇರೆಯೇ. ಕಿಂಡರ್‌ಗಾರ್ಟನ್ ಮಗುವಿಗೆ ಎಫ್‌ಐಡಿ ಎಂದರೆ ಪಕ್ಕದಲ್ಲಿ ಒಬ್ಬ ದೊಡ್ಡವರು ಎಂದೇ ಅರ್ಥ. ತಂದೆತಾಯಿ ಇಬ್ಬರೂ ಕೆಲಸದಲ್ಲಿದ್ದರೆ ಅಲ್ಲಿನ ಕನ್ನಡದ ಮನೆಗಳಲ್ಲಿ ಆ ದೊಡ್ಡವರು ಹೆಚ್ಚಾಗಿ ಊರಿಂದ ಆರು ತಿಂಗಳಿಗೆ ಬಂದಿರುವ ಅಜ್ಜಿ ಅಥವಾ ತಾತ. ಅವರಿಗೆ ಕ್ರೋಮ್‌ಬುಕ್ ಹೊಸದು, ಮಗುವಿಗೆ ಓದಲು ಬರುವುದಿಲ್ಲ. ಇದಕ್ಕೆ ಅರ್ಧ ಹಾಳೆಯಲ್ಲಿ ಕನ್ನಡದಲ್ಲಿ ದಪ್ಪಕ್ಷರದ ಚೀಟಿ ಬರೆದು ಮುಚ್ಚಳಕ್ಕೆ ಅಂಟಿಸುವುದು ಒಳ್ಳೆಯ ಉಪಾಯ: "ಮುಚ್ಚಳ ತೆಗೆಯಿರಿ. ಚಾರ್ಜರ್ ಸಿಕ್ಕಿಸಿ. ಬ್ಯಾಗಿನ ಜೇಬಿನಲ್ಲಿರುವ ಚೌಕುಳಿ ಚಿತ್ರದ ಕಾರ್ಡನ್ನು ಕ್ಯಾಮೆರಾ ಎದುರು ಒಂದು ಗೇಣು ದೂರದಲ್ಲಿ, ಅಲುಗಾಡದಂತೆ ಹಿಡಿಯಿರಿ. ಪುಟ್ಟನ ಹೆಸರು ಬಂದಮೇಲೆ ಸೀಸಾ ಚಿತ್ರ ಒತ್ತಿ. ಕೆಲಸ ಮುಗಿದಮೇಲೆ ಹಸಿರು ಟಿಕ್ ಗುರುತು ಒತ್ತಲು ಮರೆಯಬೇಡಿ." ಆ ಕಾರ್ಡಿನಲ್ಲಿರುವುದು ಲಾಗಿನ್‌ನ ಕ್ಯೂಆರ್ ಕೋಡ್; ಸೀಸಾ (Seesaw) ಎಂಬುದು ಮಗು ಮಾಡಿದ ಕೆಲಸವನ್ನು ಟೀಚರ್‌ಗೆ ಕಳಿಸುವ ಆ್ಯಪ್. ಚೀಟಿಯ ಕೊನೆಯ ಸಾಲು ಬಹಳ ಮುಖ್ಯ. ಮಗು ಚಿತ್ರ ಬರೆದು, ದನಿಯನ್ನೂ ರೆಕಾರ್ಡ್ ಮಾಡಿ, ಹಸಿರು ಟಿಕ್ ಒತ್ತದೆ ಎದ್ದು ಹೋದರೆ ಟೀಚರ್ ಕಡೆಗೆ ಏನೂ ತಲುಪುವುದಿಲ್ಲ. ಕಾರ್ಡಿನ ಮೇಲೆ ಹೊಳೆಯುವ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಕಿಟಕಿಗೆ ಮುಖ ಮಾಡಿ ಕೂರಿಸಬೇಡಿ. ಹಿಮದ ಬೆಳಕು ಅದರ ಮೇಲೆ ಬಿದ್ದು ಕ್ಯಾಮೆರಾ ಓದುವುದಿಲ್ಲ.

ಈ ವಯಸ್ಸಿಗೆ ಎಲ್ಲಕ್ಕಿಂತ ಚೆನ್ನಾಗಿ ನಡೆಯುವುದು ಕಾಗದ. ಪೆನ್ಸಿಲ್ವೇನಿಯಾದ ನಿಯಮ ಎಫ್‌ಐಡಿ ಆನ್‌ಲೈನೇ ಆಗಬೇಕು ಎನ್ನುವುದಿಲ್ಲ, ಮನೆಗೆ ಕಳಿಸಿದ ಹಾಳೆಗಳೂ ನಡೆಯುತ್ತವೆ. ಓಹಾಯೋ, ನ್ಯೂಹ್ಯಾಂಪ್‌ಶೈರ್ ಕಡೆ ಕೋವಿಡ್‌ಗಿಂತ ಎಷ್ಟೋ ಮುಂಚೆ ಇದೇ ಚಾಲ್ತಿಯಲ್ಲಿತ್ತು. ಬ್ಲಿಝರ್ಡ್ ಬ್ಯಾಗ್ ಎನ್ನುತ್ತಿದ್ದರು. ಓದಲು ಒಂದು ಪುಟ, ಲೆಕ್ಕ ಹತ್ತು, ಹೊರಗೆ ಹೋಗಿ ಒಂದು ಲೋಟ ಹಿಮ ತಂದು ಕರಗಿಸಿ ಎಷ್ಟು ನೀರಾಯಿತು ಎಂದು ಅಳೆಯುವ ಒಂದು ಪ್ರಯೋಗ, ಇದರ ಜೊತೆ ಬೆಳಿಗ್ಗೆ ಅರ್ಧ ಗಂಟೆ ಟೀಚರ್ ಮುಖ ಕಾಣುವ ಲೈವ್ ಕ್ಲಾಸು. ಆರು ವರ್ಷದ ಮಗುವಿಗೆ ಇದಕ್ಕಿಂತ ಹೆಚ್ಚು ಕೇಳುವ ಶಾಲೆ ಅಜ್ಜಿಯ ಕೈಲಿ ಹೋಮ್‌ವರ್ಕ್ ಮಾಡಿಸುತ್ತಿದೆ ಎಂದೇ ತಿಳಿಯಬೇಕು.

ಕಲಿಕೆ ಆಗುತ್ತದೆಯೇ? ಆಗ ಹಾರ್ವರ್ಡ್‌ನಲ್ಲಿದ್ದ ಜೋಶುವಾ ಗುಡ್‌ಮನ್ ಎಂಬ ಸಂಶೋಧಕ ಮೆಸಾಚುಸೆಟ್ಸ್ ಶಾಲೆಗಳ ಅಂಕಿಅಂಶ ಹಿಡಿದು 2014ರಲ್ಲಿ ತೋರಿಸಿದ್ದು ಇಲ್ಲಿ ನೆನಪಿಡಬೇಕಾದ್ದು. ಹಿಮಕ್ಕಾಗಿ ಶಾಲೆ ಮುಚ್ಚಿದ ದಿನಗಳಿಂದ ಪರೀಕ್ಷೆಯ ಅಂಕಗಳ ಮೇಲೆ ಪರಿಣಾಮ ಕಾಣಲಿಲ್ಲ; ಶಾಲೆ ನಡೆಯುತ್ತಿರುವಾಗ ಕೆಲವು ಮಕ್ಕಳು ಬಾರದೇ ಇರುವುದರಿಂದ ಅಂಕ ಇಳಿಯಿತು. ಕಾರಣ ಸರಳ. ಎಲ್ಲರೂ ಒಟ್ಟಿಗೆ ತಪ್ಪಿಸಿಕೊಂಡರೆ ಟೀಚರ್ ಪಾಠವನ್ನು ಒಂದು ದಿನ ಮುಂದಕ್ಕೆ ಸರಿಸುತ್ತಾರೆ. ಕೆಲವರು ಮಾತ್ರ ತಪ್ಪಿಸಿಕೊಂಡರೆ ಅವರಿಗೆ ಮತ್ತೆ ಹೇಳಿಕೊಡಬೇಕು, ಉಳಿದವರು ಕಾಯಬೇಕು. ಈಗ ಎಫ್‌ಐಡಿ ದಿನವನ್ನು ಈ ಕಣ್ಣಿನಿಂದ ನೋಡಿ. ಕ್ಲಾಸಿನ 24 ಮಕ್ಕಳಲ್ಲಿ 15 ಮಂದಿ ಲಾಗಿನ್ ಆಗಿ ಹೊಸ ಪಾಠ ಕೇಳಿದರೆ, ಎಲ್ಲರಿಗೂ ಸಮನಾಗಿದ್ದ ರಜೆಯನ್ನು 9 ಮಕ್ಕಳ ಗೈರುಹಾಜರಿಯಾಗಿ ಬದಲಾಯಿಸಿದಂತಾಯಿತು. ಆ ಒಂಬತ್ತು ಮಂದಿ ಯಾರು? ಚಾರ್ಜರ್ ಬಾರದ ಮಗು, ಕರೆಂಟ್ ಹೋದ ಬೀದಿಯ ಮಗು, ಮನೆಯಲ್ಲಿ ದೊಡ್ಡವರಿಲ್ಲದ ಮಗು. ಅದಕ್ಕೇ ಎಫ್‌ಐಡಿ ದಿನ ಹೊಸ ಪಾಠ ಶುರುಮಾಡದೆ, ಆಗಿರುವ ಪಾಠವನ್ನು ಗಟ್ಟಿಮಾಡಿಸುವ ಟೀಚರ್‌ಗಳು ಸರಿಯಾದ ಕೆಲಸ ಮಾಡುತ್ತಿದ್ದಾರೆ. 'ಬರೀ ರಿವಿಷನ್ ಕೊಟ್ಟರು' ಎಂದು ದೂರುವ ಪೋಷಕರು ಇದನ್ನು ಯೋಚಿಸಬೇಕು.

ಹೆಚ್ಚು ಜನ ಗಮನಿಸದ ಇನ್ನೊಂದು ಬದಲಾವಣೆ ತೀರ್ಮಾನದ ಹೊತ್ತು. ಹಳೆಯ ಪದ್ಧತಿಯಲ್ಲಿ ಡಿಸ್ಟ್ರಿಕ್ಟಿನ ಮುಖ್ಯಸ್ಥರಾದ ಸೂಪರಿಂಟೆಂಡೆಂಟ್ ಬೆಳಗಿನ ಜಾವ ರಸ್ತೆಗಳ ಸ್ಥಿತಿ ತಿಳಿದುಕೊಂಡು ಐದರ ಹೊತ್ತಿಗೆ ಫೋನ್ ಸಂದೇಶ ಕಳಿಸುತ್ತಿದ್ದರು: ರಜೆ, ಇಲ್ಲವೇ ಎರಡು ಗಂಟೆ ತಡ. ಯಂತ್ರಗಳನ್ನು ಮನೆಗೆ ಕಳಿಸಬೇಕಾದರೆ ಶಾಲೆ ಬಿಡುವ ಮುಂಚೆ, ಅಂದರೆ ಹನ್ನೆರಡು ಹದಿನಾಲ್ಕು ಗಂಟೆ ಮೊದಲೇ ತೀರ್ಮಾನಿಸಬೇಕು. ಆ ಹೊತ್ತಿಗೆ ಬಿರುಗಾಳಿ ಬೇರೆ ರಾಜ್ಯದಲ್ಲಿರುತ್ತದೆ. ಉಷ್ಣಾಂಶ ಒಂದೆರಡು ಡಿಗ್ರಿ ಆಚೆಗೆ ಹೋದರೆ ಹಿಮದ ಬದಲು ಮಳೆ ಬಿದ್ದು, ಒದ್ದೆ ರಸ್ತೆಯಲ್ಲಿ ಬಸ್ಸುಗಳು ಓಡಬಹುದಾಗಿದ್ದ ದಿನ ಮಕ್ಕಳು ಪರದೆಯ ಮುಂದೆ ಕೂತಿರುತ್ತಾರೆ. ಎರಡು ಗಂಟೆ ತಡ ಎಂಬ ಹಳೆಯ ಮಧ್ಯಮಮಾರ್ಗವೂ ಕೈತಪ್ಪುತ್ತದೆ. ಐದು ವರ್ಷದಲ್ಲಿ ಅತಿ ಹೆಚ್ಚು ಬೇಸರ ತಂದದ್ದು ಇದೇ.

ದೊಡ್ಡ ಮಟ್ಟದಲ್ಲಿ ಏನಾಗಬಹುದು ಎಂಬುದಕ್ಕೆ 2024ರ ಫೆಬ್ರವರಿ 13ರ ನ್ಯೂಯಾರ್ಕ್ ನಗರ ಸಾಕ್ಷಿ. ಹಿಮದ ಕಾರಣ ಆನ್‌ಲೈನ್ ಶಾಲೆ ಎಂದು ಹಿಂದಿನ ದಿನವೇ ಘೋಷಿಸಿ, ಶಾಲೆಗಳಲ್ಲಿ ಅಭ್ಯಾಸವನ್ನೂ ಮಾಡಿಸಿದ್ದರು. ಬೆಳಿಗ್ಗೆ ಲಕ್ಷಾಂತರ ಮಕ್ಕಳೂ ಟೀಚರ್‌ಗಳೂ ಒಟ್ಟಿಗೆ ಬಂದಾಗ ಗುರುತು ಪರಿಶೀಲಿಸುವ ಲಾಗಿನ್ ಬಾಗಿಲೇ ಜಾಮ್ ಆಯಿತು. ಕ್ಲಾಸುಗಳು ಸಿದ್ಧವಿದ್ದವು, ಒಳಗೆ ಹೋಗಲು ದಾರಿಯಿರಲಿಲ್ಲ. ಸಣ್ಣ ಡಿಸ್ಟ್ರಿಕ್ಟುಗಳಿಗೂ ಇದೇ ಪಾಠ: ಹೈಸ್ಕೂಲಿಗೆ 8ಕ್ಕೆ, ಮಿಡ್ಲ್ ಸ್ಕೂಲಿಗೆ 8.30ಕ್ಕೆ, ಪುಟ್ಟ ಮಕ್ಕಳಿಗೆ 9.30ಕ್ಕೆ ಎಂದು ಹಂಚಿದರೆ ಬಾಗಿಲಿಗೆ ನೂಕುನುಗ್ಗಲು ಇರುವುದಿಲ್ಲ.

ಬೇರೆ ರಾಜ್ಯಕ್ಕೆ ಮನೆ ಬದಲಿಸುವವರು ನಿಯಮ ಒಂದೇ ಎಂದುಕೊಳ್ಳಬೇಡಿ. ವರ್ಜೀನಿಯಾದಲ್ಲಿ 10 ದಿನದವರೆಗೆ ಅವಕಾಶವಿದೆ, ಮಿನೆಸೋಟದಲ್ಲಿ 5. ಕೆಂಟಕಿಯಲ್ಲಿಯೂ 10, ಬೆಟ್ಟಸೀಮೆಯ ಕೌಂಟಿಗಳಲ್ಲಿ ವಾರಗಟ್ಟಲೆ ಬಸ್ ಓಡದ ಕಾರಣಕ್ಕೆ ಅಲ್ಲಿ ಕೋವಿಡ್‌ಗೂ ಮುಂಚೆಯೇ ಶುರುವಾದದ್ದು. ಎಡಿಸನ್ ಸುತ್ತಮುತ್ತ ಕನ್ನಡಿಗರು ತುಂಬಿರುವ ನ್ಯೂಜೆರ್ಸಿಯಲ್ಲಿ ಸಾಮಾನ್ಯ ಹಿಮದ ದಿನದ ಆನ್‌ಲೈನ್ ಕ್ಲಾಸು 180ರ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿ ಸ್ನೋ ಡೇ ಸ್ನೋ ಡೇಯೇ.

ಕರಾವಳಿ, ಮಲೆನಾಡಿನ ಮಳೆ ರಜೆಗೂ ಇದನ್ನೇ ತರಬಾರದೇಕೆ ಎಂದು ಕೇಳುವವರಿದ್ದಾರೆ. ರೆಡ್ ಅಲರ್ಟ್ ದಿನ ಜಿಲ್ಲಾಧಿಕಾರಿ ರಜೆ ಘೋಷಿಸುತ್ತಾರೆ, ಆಮೇಲೆ ಶನಿವಾರ ಮಧ್ಯಾಹ್ನವೋ ಭಾನುವಾರವೋ ಕ್ಲಾಸು ನಡೆಸಿ ಸರಿದೂಗಿಸುತ್ತಾರೆ. ಅಲ್ಲಿ ಮಳೆಗೆ ಮೊದಲು ಹೋಗುವುದು ಕರೆಂಟು, ಅದರ ಹಿಂದೆಯೇ ಟವರು. ಮನೆಗೊಂದೇ ಫೋನು, ಅದೂ ಕೆಲಸಕ್ಕೆ ಹೋದವರ ಜೇಬಿನಲ್ಲಿ. ಜೂನ್‌ನಲ್ಲೇ ಕೈಗೆ ಕೊಟ್ಟಿರುವ ಹಾಳೆಗಳ ಚೀಲವಾದರೆ ಮಾತ್ರ ಆಗುವ ಮಾತು.

ಎಫ್‌ಐಡಿ ಇರುವ ಡಿಸ್ಟ್ರಿಕ್ಟಿಗೆ ಮಗುವನ್ನು ಸೇರಿಸುವವರು ಆಗಸ್ಟ್ ಕೊನೆಯ ಪೋಷಕರ ಸಭೆಯಲ್ಲೇ ವಿಚಾರಿಸಿಕೊಳ್ಳಿ. ವರ್ಷದ ಮೊದಲ ಒಂದೆರಡು ಹಿಮದ ದಿನ ನಿಜವಾದ ರಜೆಯೋ, ಮೊದಲ ದಿನದಿಂದಲೇ ಎಫ್‌ಐಡಿಯೋ? ಮೊದಲೆರಡು ರಜೆ ಕೊಟ್ಟು ಮೂರನೆಯದರಿಂದ ಎಫ್‌ಐಡಿ ಬಳಸುವ ಡಿಸ್ಟ್ರಿಕ್ಟುಗಳೇ ಮೇಲು, ಮಕ್ಕಳಿಗೆ ಹಿಮದಲ್ಲಿ ಆಡಲೂ ಒಂದು ಹಗಲು ಬೇಕು. ಕರೆಂಟ್ ಹೋದ ಮನೆಯ ಮಗುವಿಗೆ ಕೆಲಸ ಒಪ್ಪಿಸಲು ಎಷ್ಟು ದಿನ ಸಮಯ? ಐಇಪಿ (ವಿಶೇಷ ನೆರವು ಬೇಕಾದ ಮಗುವಿಗೆ ಶಾಲೆ ಮಾಡಿಕೊಡುವ ಪ್ರತ್ಯೇಕ ಕಲಿಕಾ ಯೋಜನೆ) ಇರುವ ಮಗುವಿಗೆ ಆ ದಿನದ ಸ್ಪೀಚ್ ಥೆರಪಿ ವಿಡಿಯೋದಲ್ಲೋ, ಬೇರೆ ದಿನ ಎದುರಾಎದುರಿಗೋ? ಇದನ್ನು ಬರಹದಲ್ಲೇ ತರಿಸಿಕೊಳ್ಳಿ, ಬಾಯಿಮಾತಿನ ಭರವಸೆ ಫೆಬ್ರವರಿಗೆ ಯಾರಿಗೂ ನೆನಪಿರುವುದಿಲ್ಲ. ಶಾಲೆಯ ಊಟವನ್ನೇ ನೆಚ್ಚಿಕೊಂಡಿರುವ ಮಕ್ಕಳಿಗೆ ಹಿಂದಿನ ದಿನ ಡಬ್ಬಿ ಕಟ್ಟಿ ಕಳಿಸುತ್ತಾರೆಯೇ? ಮತ್ತೆ, ಕಾರ್ಟ್‌ನಲ್ಲಿ ಬಿಗಿದಿರುವ ಆ ಚಾರ್ಜರ್ ಯಂತ್ರದ ಜೊತೆ ಮನೆಗೆ ಬರುತ್ತದೆಯೇ?