ಹೇಳಿ ಮಾಡಿಸಿದ ಕೋವಿ, ಹೇಳದೆ ಮಾಯವಾದ ಗುಂಡು

ಅಮೆರಿಕದಲ್ಲಿ ಪ್ರೇರಿ ನಾಯಿ ಹೊಡೆಯಲೆಂದೇ ಕೋವಿ ಮಾಡಿಸುವ ಹುಚ್ಚು ನಮ್ಮವರಲ್ಲಿ ನನಗೊಬ್ಬನಿಗೇ ಇದೆ ಎಂದುಕೊಂಡಿದ್ದೆ. ಕಳೆದ ತಿಂಗಳು ಇಬ್ಬರು ಫೋನ್ ಮಾಡಿದರು. ಇಬ್ಬರೂ ನಾನು ಬಿದ್ದ ಹಳ್ಳದ ಅಂಚಿನಲ್ಲೇ ನಿಂತಿದ್ದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಹೋದದ್ದು 3,800 ಡಾಲರ್ ಮತ್ತು ಹನ್ನೊಂದು ತಿಂಗಳು. ಬಲಗಣ್ಣು ಹೋಗಬೇಕಿತ್ತು, ಕನ್ನಡಕ ಉಳಿಸಿತು.

ನಾನು ಮಲೆನಾಡಿನವನು. ಮನೆಯಲ್ಲಿ ಬೆಳೆ ರಕ್ಷಣೆಯ ಪರವಾನಗಿಯ ಕೇಪಿನ ಕೋವಿಯೊಂದಿತ್ತು. ವರ್ಷದ ಬಹುಭಾಗ ಅದು ಅಟ್ಟದಲ್ಲಿ, ಚುನಾವಣೆ ಬಂದರೆ ಪೊಲೀಸ್ ಠಾಣೆಯಲ್ಲಿ. ಅಷ್ಟರಿಂದಲೇ ಕೋವಿಯ ವಿಷಯ ನನಗೆ ಗೊತ್ತು ಎಂಬ ಭ್ರಮೆ ಬೆಳೆದಿತ್ತು. ಈಗ ಡೆನ್ವರ್‌ನಲ್ಲಿದ್ದೇನೆ. ಇಲ್ಲಿಂದ ಉತ್ತರಕ್ಕೆ ಅರ್ಧ ದಿನದ ಹಾದಿ ಹೋದರೆ ಸೌತ್ ಡಕೋಟಾದಲ್ಲಿ ಪರಿಚಯದ ಒಬ್ಬ ಹಿರಿಯರ ದನದ ರಾಂಚ್ ಇದೆ. ಅಲ್ಲಿ ಪ್ರೇರಿ ನಾಯಿಗಳ ಕಾಟ. ಹೆಸರಿಗೆ ನಾಯಿ, ಜಾತಿಯಲ್ಲಿ ಅಳಿಲಿನ ಕುಲ. ಹುಲ್ಲು ಬುಡಸಮೇತ ಮೇಯುತ್ತವೆ, ಹುಲ್ಲುಗಾವಲಿನ ತುಂಬ ಬಿಲ ತೋಡುತ್ತವೆ. ಅವರು ವರ್ಷಕ್ಕೆ ಎರಡು ಬಾರಿ ನಮ್ಮನ್ನು ಕರೆಯುತ್ತಾರೆ. ದಿನಕ್ಕೆ ಇನ್ನೂರು, ಮುನ್ನೂರು ಈಡು ಹಾರುವುದು ಅಲ್ಲಿ ಮಾಮೂಲು. ಈ ಕೊನೆಯ ಮಾತನ್ನು ನೆನಪಿನಲ್ಲಿಡಿ, ನಾನು ಇಡಲಿಲ್ಲ.

ಕೋವಿ ಮಾಡಿಕೊಡುವವರ ಅಂಗಡಿಗೆ ಹೋದಾಗ ನನ್ನ ತಲೆಯಲ್ಲಿದ್ದದ್ದು ವೇಗ ಒಂದೇ. .22-250 ರೆಮಿಂಗ್ಟನ್ ಹಳೆಯ, ನಂಬಿಕೆಯ ತೋಟೆ. ತೋಟೆಯೆಂದರೆ ಗುಂಡು, ಮದ್ದು, ಕೇಪು ಸೇರಿದ ಹಿತ್ತಾಳೆಯ ಕೊಳವೆ; ಗುಂಡು ಅದರ ಕತ್ತಿನಲ್ಲಿ ಕೂರುತ್ತದೆ. .250 ಸ್ಯಾವೇಜ್ ತೋಟೆಯ ಕತ್ತು ಕಿರಿದು ಮಾಡಿ ಹವ್ಯಾಸಿಗಳು ದಶಕಗಳ ಕಾಲ ಬಳಸುತ್ತಿದ್ದುದನ್ನು ರೆಮಿಂಗ್ಟನ್ 1965ರಲ್ಲಿ ಅಧಿಕೃತವಾಗಿ ಮಾರುಕಟ್ಟೆಗೆ ತಂದಿತು. ಪ್ರೇರಿ ನಾಯಿಗೆ ಅದೇ ಧಾರಾಳ. ಆದರೆ ಅಂಗಡಿಯವರು, "ಅದನ್ನು ಎಲ್ಲರೂ ಇಟ್ಟುಕೊಂಡಿದ್ದಾರೆ, ನೀವು ಆಕ್ಲಿ ಇಂಪ್ರೂವ್ಡ್ ಮಾಡಿಸಿ" ಎಂದರು. ಅದೇ ತೋಟೆಯ ಹೆಗಲನ್ನು 40 ಡಿಗ್ರಿಗೆ ಕಡಿದಾಗಿಸಿ, ಮೈಯನ್ನು ನೇರವಾಗಿಸಿ, ಮದ್ದಿಗೆ ಇನ್ನಷ್ಟು ಜಾಗ ಮಾಡುವ ವಿಧಾನ ಅದು. ಲಾಭ ಸೆಕೆಂಡಿಗೆ ನೂರು ಅಡಿಯ ಆಸುಪಾಸು. ಆ ನೂರು ಅಡಿಗಾಗಿ ಏನೇನು ತೆರಬೇಕು ಎಂದು ನಾನು ಕೇಳಲಿಲ್ಲ. ನಳಿಗೆಯ ತಿರುಪು, ಅಂದರೆ ಗುಂಡನ್ನು ಬುಗುರಿಯಂತೆ ತಿರುಗಿಸುವ ಒಳಗಿನ ಸುರುಳಿ ಗೀರು, ಎಷ್ಟಿರಲಿ ಎಂದು ಅವರು ಕೇಳಿದರು. ನಾನು ಬೆಪ್ಪನಂತೆ ನೋಡಿದೆ. "8 ಇಂಚಿಗೆ ಒಂದು ಸುತ್ತು ಹಾಕಿಸಿ, ಎಲ್ಲ ಗುಂಡೂ ನಡೆಯುತ್ತದೆ" ಎಂದರು. ಹೂಂ ಎಂದೆ.

ಅದು ಅರ್ಧ ಸತ್ಯ. 75, 80 ಗ್ರೇನ್ (ಗುಂಡು, ಮದ್ದು ತೂಗುವ ಸಣ್ಣ ಅಳತೆ) ತೂಕದ ಉದ್ದನೆಯ ಗುಂಡು ತೂರಾಡದೆ ಹಾರಬೇಕಾದರೆ ಅಂಥ ಬಿಗಿ ತಿರುಪು ಬೇಕು. ಕಾರ್ಖಾನೆಯ ಹಳೆಯ .22-250 ಕೋವಿಗಳಲ್ಲಿ 14 ಇಂಚಿಗೆ ಒಂದು ಸುತ್ತು ಇರುತ್ತದೆ. ಅವು 55 ಗ್ರೇನಿನ ಗುಂಡಿಗೆಂದು ಮಾಡಿದವು. ನಾನೋ, ನಳಿಗೆ ಬರುವ ಮೊದಲೇ ಅಗ್ಗಕ್ಕೆ ಸಿಕ್ಕಿತೆಂದು 50 ಗ್ರೇನಿನ, ತೀರ ತೆಳು ತಾಮ್ರದ ಹೊದಿಕೆಯ ಗುಂಡುಗಳನ್ನು ಎರಡು ಸಾವಿರ ಕೊಂಡಿಟ್ಟಿದ್ದೆ. ಕುದುರೆಗೆ ಮೊದಲು ಲಾಳ ಕೊಂಡ ಜಾಣತನ.

ನಾಲ್ಕು ತಿಂಗಳು ಎಂದದ್ದು ಹನ್ನೊಂದಾಯಿತು. ಕೋವಿ ನೋಡಲು ಚೆಂದವಿತ್ತು, ಸುಳ್ಳು ಹೇಳಬಾರದು. 26 ಇಂಚು ಉದ್ದದ ದಪ್ಪ ನಳಿಗೆ, ಕುದುರೆ (ಟ್ರಿಗರ್) ಬೆರಳು ತಾಗಿದರೆ ಸಾಕು ಎನ್ನುವಷ್ಟು ನಯ. ಮೇ ತಿಂಗಳಲ್ಲಿ ರಾಂಚಿಗೆ ಒಯ್ದೆ. ಇನ್ನೂರು ಗಜದಲ್ಲಿ ಕಾಗದ ನಿಲ್ಲಿಸಿ ಐದು ಈಡು ಹೊಡೆದೆ. ಕಾಗದದಲ್ಲಿ ಎರಡು ತೂತು. ಉಳಿದ ಮೂರು ಎಲ್ಲಿ? ದೂರದರ್ಶಕದ ತಿರುಪುಮೊಳೆ ಸಡಿಲವಿರಬೇಕೆಂದು ಬಿಗಿ ಮಾಡಿದೆ. ಮತ್ತೆ ಐದು, ಈ ಸಲ ಒಂದೇ ತೂತು. ಅದರ ಸುತ್ತ ಪೆನ್ಸಿಲ್ ಉಜ್ಜಿದಂತೆ ಬೂದು ಬಣ್ಣದ ಕಲೆ. ಹೀಗೆ ಐವತ್ತು ತೋಟೆ ಹಾಳಾದವು. ಮಧ್ಯಾಹ್ನದ ಹೊತ್ತಿಗೆ ರಾಂಚಿನ ಹಿರಿಯರು ಪಕ್ಕದಲ್ಲಿ ದುರ್ಬೀನು ಹಿಡಿದು ಕುಳಿತರು. ಒಂದು ಈಡು ಹಾರಿತು. ಅವರು ಕಣ್ಣು ತೆಗೆಯದೆಯೇ, "ನಿನ್ನ ಗುಂಡು ಅರ್ಧ ದಾರಿಯಲ್ಲಿ ಹೊಗೆಯಾಯಿತು" ಎಂದರು. ಮುಂದಿನದನ್ನು ನಾನೇ ದುರ್ಬೀನಿನಲ್ಲಿ ನೋಡಿದೆ, ಹೊಡೆದವರು ಅವರು. ನೂರು ಗಜ ದಾಟಿದ ಮೇಲೆ ಗಾಳಿಯಲ್ಲಿ ಒಂದು ಬೂದು ಎಳೆ ಮೂಡಿ ಕರಗಿತು. ಅಷ್ಟೇ. ಕಾಗದ ಅಲುಗಲೂ ಇಲ್ಲ.

ಲೆಕ್ಕ ಆಮೇಲೆ ಹಾಕಿದೆ, ಮೊದಲೇ ಹಾಕಬೇಕಿತ್ತು. ಸೆಕೆಂಡಿಗೆ ಎಷ್ಟು ಅಡಿ ವೇಗವೋ ಅದನ್ನು 720ರಿಂದ ಗುಣಿಸಿ, ತಿರುಪಿನ ಇಂಚಿನಿಂದ ಭಾಗಿಸಿದರೆ ಗುಂಡು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬುದು ಸಿಗುತ್ತದೆ. ನನ್ನ ವೇಗ 3,900, ತಿರುಪು 8; ಬಂದ ಉತ್ತರ 3,51,000. ಅಡಿಗೆಮನೆಯ ಮಿಕ್ಸಿ ಕಿವುಡಾಗುವಂತೆ ಕಿರುಚುವುದೇ ಇಪ್ಪತ್ತು ಸಾವಿರದ ಒಳಗೆ. ಅದೇ ವೇಗಕ್ಕೆ 14 ಇಂಚಿನ ತಿರುಪಿದ್ದರೆ ಎರಡು ಲಕ್ಷ ಸುತ್ತು ಆಗುತ್ತಿತ್ತು. ಕಾಗದದಷ್ಟು ತೆಳುವಾದ ತಾಮ್ರ, ಒಳಗೆ ಮೆತ್ತನೆಯ ಸೀಸ. ಮೂರೂವರೆ ಲಕ್ಷ ಸುತ್ತಿನಲ್ಲಿ ಅದು ಸಿಡಿಯದೆ ಇನ್ನೇನು ಮಾಡೀತು? ಆ ಗುಂಡಿಗೆ ಸೆಕೆಂಡಿಗೆ 3,500 ಅಡಿಯೇ ಮಿತಿ ಎಂದು ತಯಾರಕರು ಹೇಳಿಯೇ ಇದ್ದರು. ಓದಿರಲಿಲ್ಲ. ಇದರಲ್ಲಿ ಅಂಗಡಿಯವರ ತಪ್ಪು ಅರ್ಧ ಎಂದು ನಾನು ಎಷ್ಟೋ ದಿನ ವಾದಿಸಿದೆ. ಈಗ ಕಾಲು ಭಾಗಕ್ಕೆ ಇಳಿದಿದ್ದೇನೆ.

ದಪ್ಪ ಹೊದಿಕೆಯ ಗುಂಡು ತಂದ ಮೇಲೆ ಕೋವಿ ನೆಟ್ಟಗೆ ಹೊಡೆಯಿತು. ಕಥೆ ಅಲ್ಲಿಗೆ ಮುಗಿಯಬೇಕಿತ್ತು.

ಆಕ್ಲಿ ತೋಟೆ ಬೇಕೆಂದರೆ ಸಾಮಾನ್ಯ .22-250 ತೋಟೆಯನ್ನು ಆ ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂಭಾಗದಲ್ಲಿ ತೋಟೆ ಕೂರುವ ಗೂಡಿನಲ್ಲಿ, ಒಮ್ಮೆ ಹೊಡೆಯಬೇಕು. ಹಿತ್ತಾಳೆ ಉಬ್ಬಿ ಹೊಸ ಆಕಾರಕ್ಕೆ ಬರುತ್ತದೆ. "ಮದ್ದು ತುಂಬಿಟ್ಟದ್ದು ಮುಗಿದರೂ ಚಿಂತೆಯಿಲ್ಲ, ಯಾವ ಊರಿನ ಅಂಗಡಿಯಲ್ಲಾದರೂ .22-250 ಕೊಂಡು ಹೊಡೆಯಬಹುದು" ಎಂಬುದು ಇದನ್ನು ಮಾರುವವರ ದೊಡ್ಡ ಮಾತು. ಸೆಪ್ಟೆಂಬರಿನಲ್ಲಿ ನನ್ನ ತೋಟೆಗಳು ಎರಡನೇ ದಿನವೇ ಮುಗಿದವು. ಹತ್ತಿರದ ಊರಿನಲ್ಲಿ ಎರಡು ಪೆಟ್ಟಿಗೆ ಕೊಂಡು ತಂದೆ. ಮೊದಲನೆಯದನ್ನು ಒಳಗಿಟ್ಟು, ಚೇಂಬರಿನ ಹಿಂದಿನ ಅಗುಳಿಯಾದ ಬೋಲ್ಟ್ ಮುಚ್ಚಿದರೆ ಬಿಗಿ. ಹೊಸ ತೋಟೆಯಲ್ಲವೇ ಎಂದುಕೊಂಡು ಅಂಗೈ ಬುಡದಿಂದ ಗುದ್ದಿ ಮುಚ್ಚಿದೆ. ದಯವಿಟ್ಟು ಈ ಸಾಲನ್ನು ಇನ್ನೊಮ್ಮೆ ಓದಿ. ಬೋಲ್ಟನ್ನು ಎಂದೂ ಗುದ್ದಬೇಡಿ.

ಕುದುರೆ ಎಳೆದಾಗ ಬಂದ ಸದ್ದು ಬೇರೆಯೇ ಆಗಿತ್ತು. ಮುಖಕ್ಕೆ ಬಿಸಿ ಉಸಿರು ಬಡಿದಂತಾಯಿತು. ಕನ್ನಡಕದ ಬಲ ಗಾಜಿನ ಮೇಲೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು. ಬೋಲ್ಟ್ ಮೇಲೇಳಲಿಲ್ಲ; ರಬ್ಬರ್ ಸುತ್ತಿಗೆಯಿಂದ ತಟ್ಟಿ ಎಬ್ಬಿಸಬೇಕಾಯಿತು. ಹೊರಬಂದ ತೋಟೆಯ ಬುಡದಲ್ಲಿ ಕೇಪು, ಅಂದರೆ ಮದ್ದಿಗೆ ಕಿಡಿ ಕೊಡುವ ಬಿಲ್ಲೆ, ಇರಬೇಕಾದ ಜಾಗ ಖಾಲಿ. ಹಿತ್ತಾಳೆಯ ಮೇಲೆ ಎಜೆಕ್ಟರ್ (ಖಾಲಿ ತೋಟೆಯನ್ನು ಹೊರಗೆಸೆಯುವ ಮೊಳೆ) ಒತ್ತಿದ ಹೊಳೆಯುವ ದುಂಡು ಗುರುತು, ಬುಡದಲ್ಲಿ ಅಚ್ಚೊತ್ತಿದ ಎರಡು ಅಕ್ಷರ ಅಳಿಸಿ ಹೋಗುವಷ್ಟು ಆಳ.

ಕಾರಣ ರಸೀದಿಯಲ್ಲೇ ಇತ್ತು. ".250 ನೆಕ್" ಎಂಬ ಒಂದು ಸಾಲು. ನಾನು ಅದನ್ನು .22-250 ಎಂಬ ಹೆಸರಿನ ಬಾಲ ಎಂದುಕೊಂಡಿದ್ದೆ! ಅದು ಚೇಂಬರಿನ ಕತ್ತಿನ ಒಳ ಅಳತೆ. ನಾನು ಕೊಂಡ ತೋಟೆಯ ಕತ್ತು ಅಳೆದರೆ 0.251 ಇಂಚು. ಗುಂಡನ್ನು ಬಿಡಲು ಕತ್ತು ಒಂದೆರಡು ಸಾವಿರಾಂಶ ಇಂಚಾದರೂ ಹಿಗ್ಗಬೇಕು. ಹಿಗ್ಗಲು ಜಾಗವಿಲ್ಲದಿದ್ದರೆ ಒತ್ತಡವೆಲ್ಲ ಹಿಂದಕ್ಕೆ, ಅಂದರೆ ನಿಮ್ಮ ಮುಖದ ಕಡೆಗೆ. ಇಂಥ ಬಿಗಿ ಕತ್ತು ಕಾಗದಕ್ಕೆ ಹೊಡೆಯುವ ಸ್ಪರ್ಧಾಳುಗಳ ಶೋಕಿ. ಅವರು ಪ್ರತಿ ತೋಟೆಯ ಕತ್ತನ್ನೂ ಸಣ್ಣ ಕೈಸಾಣೆಯಲ್ಲಿ ಹೆರೆದು ತೆಳುಮಾಡಿ ಬಳಸುತ್ತಾರೆ. ಅಂಗಡಿಯವರೇ ಕತ್ತು ಹೆರೆದು ಕೊಟ್ಟ ನೂರು ತೋಟೆಗಳನ್ನೇ ನಾನು ಅಲ್ಲಿಯವರೆಗೆ ತಿರುಗಿಸಿ ತಿರುಗಿಸಿ ತುಂಬುತ್ತಿದ್ದುದರಿಂದ ವಿಷಯ ತಿಳಿದೇ ಇರಲಿಲ್ಲ. ನಳಿಗೆಯ ಮೇಲೆ ಕೆತ್ತಿದ್ದು ತೋಟೆಯ ಹೆಸರು ಮಾತ್ರ; ಕತ್ತಿನ ಅಳತೆ ಇರಲಿಲ್ಲ. ನಾಳೆ ಆ ಕೋವಿ ಇನ್ನೊಬ್ಬರ ಕೈಗೆ ಹೋಗಿದ್ದರೆ? ಇದಕ್ಕೆ ಮಾತ್ರ ನಾನು ಅವರನ್ನು ಇನ್ನೂ ಕ್ಷಮಿಸಿಲ್ಲ.

ಆಮೇಲೆ ತಪಾಸಣೆಗೆ ಕೊಟ್ಟಾಗ ನಳಿಗೆಯೊಳಗೆ ಕ್ಯಾಮೆರಾ ಇಳಿಸಿ ತೋರಿಸಿದರು. ಚೇಂಬರಿನ ಮುಂದಿನ ಗಂಟಲು ಬೇಸಿಗೆಯಲ್ಲಿ ಬಿರಿದ ಕೆರೆಯ ತಳದಂತಿತ್ತು. ಹೊಡೆದದ್ದು ಒಟ್ಟು ಒಂಬೈನೂರು ಈಡು. ಕಿರಿದಾದ ನಳಿಗೆಗೆ ಅಷ್ಟೊಂದು ಮದ್ದು, ಅದೂ ತಣ್ಣಗಾಗಲು ಬಿಡದೆ ಒಂದರ ಹಿಂದೊಂದು. ಕೈ ತಾಗಿಸಲಾಗದಷ್ಟು ಬಿಸಿಯಾದ ನಳಿಗೆಯಿಂದ ಹೊಡೆಯುತ್ತಲೇ ಇದ್ದೆ. ಇದು ಪೂರ್ತಿ ನನ್ನದೇ ಪಾಪ.

ಈಗ ಮಾಡಿಸುವವರಿಗೆ ನಾನು ಹೇಳುವುದು ಇಷ್ಟು. ತೋಟೆಯಿಂದ ಶುರುಮಾಡಬೇಡಿ, ಗುಂಡಿನಿಂದ ಶುರುಮಾಡಿ. ಯಾವ ತೂಕದ, ಯಾವ ಹೊದಿಕೆಯ ಗುಂಡನ್ನು ಎಷ್ಟು ದೂರಕ್ಕೆ ಹೊಡೆಯುತ್ತೀರಿ ಎಂಬುದು ತೀರ್ಮಾನವಾದರೆ ತಿರುಪು ತಾನಾಗಿ ಬರುತ್ತದೆ. ಮುಂಗಡ ಕೊಡುವ ಮೊದಲು ಚೇಂಬರ್ ಕೊರೆಯುವ ರೀಮರಿನ ನಕ್ಷೆ ಕೇಳಿ, ಕತ್ತಿನ ಅಳತೆ ಓದಿ. ಅರ್ಥವಾಗದಿದ್ದರೆ ಅವರಿಂದಲೇ ಓದಿಸಿ. ಕಾರ್ಖಾನೆಯ ತೋಟೆ ಇದರಲ್ಲಿ ಹೊಡೆಯಬಹುದೇ ಎಂಬ ಪ್ರಶ್ನೆಗೆ ಉತ್ತರ ಬರಹದಲ್ಲಿ ಬೇಕು. ನಳಿಗೆಯ ಮೇಲೆ ತಿರುಪು, ಕತ್ತು ಎರಡನ್ನೂ ಕೆತ್ತಿಸಿ. ಇಷ್ಟಕ್ಕೆ ಮುಖ ಸಿಂಡರಿಸುವವರ ಅಂಗಡಿಯಿಂದ ಎದ್ದು ಬನ್ನಿ.

ನನ್ನನ್ನು ಕೇಳಿದರೆ ಮುನ್ನೂರು ಗಜದೊಳಗಿನ ಪ್ರೇರಿ ನಾಯಿಗೆ .223 ರೆಮಿಂಗ್ಟನ್ ಸಾಕು. ಒಂದು ಪೌಂಡ್ ಮದ್ದಿನಲ್ಲಿ 7,000 ಗ್ರೇನ್. .223ಕ್ಕೆ ಸುಮಾರು 25 ಗ್ರೇನಿನಂತೆ 280 ತೋಟೆ ತುಂಬುತ್ತವೆ, ನನ್ನ ಆಕ್ಲಿಗೆ 40ರಂತೆ 175. ನಳಿಗೆ ಕಡಿಮೆ ಕಾಯುತ್ತದೆ, ತೋಟೆ ಎಲ್ಲ ಕಡೆ ಸಿಗುತ್ತದೆ. 2020ರ ಮೇಲೆ ಕೇಪಿಗೂ ಗತಿಯಿಲ್ಲದೆ ಪರದಾಡಿದವರಿಗೆ ಈ ಮಾತಿನ ಬೆಲೆ ಗೊತ್ತು. ಬೋಲ್ಟ್ ಕೂರುವ ಯಂತ್ರಭಾಗವಾದ ನನ್ನದೇ ಆಕ್ಷನ್‌ಗೆ .223 ನಳಿಗೆ ಹಾಕಿಸೋಣವೆಂದರೆ ಅದೂ ಸುಲಭವಿರಲಿಲ್ಲ; .22-250ರ ಬುಡ ದಪ್ಪ, ಆದ್ದರಿಂದ ಬೋಲ್ಟಿನ ಮುಖವೇ ಬೇರೆ. ಕೊನೆಗೆ ದಪ್ಪ ನಳಿಗೆಯ ಹಳೆಯ .223 ಕೋವಿಯೊಂದನ್ನು ಕೊಂಡೆ. ಆಕ್ಲಿಯ ಕೂಲಿಗೆ ಕೊಟ್ಟಷ್ಟೂ ಅದಕ್ಕೆ ಬೀಳಲಿಲ್ಲ.

ಫೋನ್ ಮಾಡಿದವರಲ್ಲಿ ಒಬ್ಬರು ಎಚ್-1ಬಿ ವೀಸಾದವರು, ಆದ್ದರಿಂದ ಇದನ್ನೂ ಹೇಳಬೇಕು. ವಲಸಿಗರಲ್ಲದ ವೀಸಾದಲ್ಲಿರುವವರು ಕೋವಿಯಾಗಲಿ ತೋಟೆಯಾಗಲಿ ಇಟ್ಟುಕೊಳ್ಳುವುದು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ರಾಜ್ಯವೊಂದರ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ, ಆದರೆ ವಕೀಲರನ್ನು ಕೇಳದೆ ಮುಟ್ಟಬೇಡಿ. ಸೌತ್ ಡಕೋಟಾದಲ್ಲಿ ಹೊರರಾಜ್ಯದವರಿಗೆ ಪ್ರೇರಿ ನಾಯಿಗೂ ಪರವಾನಗಿ ಬೇಕು. ಅಲ್ಲಿನ ಹುಲ್ಲುಗಾವಲು ಪ್ರದೇಶವಾದ ಕೊನಾಟಾ ಬೇಸಿನ್‌ನಲ್ಲಿ ಹೊಡೆಯುವುದೇ ನಿಷಿದ್ಧ. ಅಳಿದೇ ಹೋಯಿತೆಂದುಕೊಂಡಿದ್ದಾಗ 1981ರಲ್ಲಿ ವಯೋಮಿಂಗ್‌ನಲ್ಲಿ ಮತ್ತೆ ಕಂಡ ಕಪ್ಪು ಪಾದದ ಪುಟ್ಟ ಮಾಂಸಾಹಾರಿ ಪ್ರಾಣಿ ಫೆರೆಟ್‌ಗೆ ಪ್ರೇರಿ ನಾಯಿಯೇ ಆಹಾರ, ಅದನ್ನು ಅಲ್ಲಿ ಮತ್ತೆ ಬಿಟ್ಟಿದ್ದಾರೆ. ಸತ್ತ ಪ್ರಾಣಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಅವುಗಳ ಚಿಗಟಗಳಿಂದ ಪ್ಲೇಗ್ ಬರುತ್ತದೆ. ಬೇಟೆಗೆ ಒಯ್ದ ಚೀಲವನ್ನು ಊರಿಗೆ ಹೋಗುವಾಗ ಒಯ್ಯಲೇಬೇಡಿ. ಮೂಲೆಯಲ್ಲಿ ಉಳಿದ ಒಂದೇ ಒಂದು ತೋಟೆ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸಿಕ್ಕರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಎದುರಾಗುತ್ತದೆ.

ಉಳಿದ ಸಾವಿರದ ಒಂಬೈನೂರು ಚಿಲ್ಲರೆ ತೆಳು ಗುಂಡುಗಳನ್ನು ರಾಂಚಿನ ಹಿರಿಯರಿಗೇ ಕೊಟ್ಟೆ. ಅವರ ಹತ್ತಿರ ತಂದೆಯ ಕಾಲದ .222 ರೆಮಿಂಗ್ಟನ್ ಇದೆ. 1950ರಲ್ಲಿ ಹುಟ್ಟಿದ ತೋಟೆ, 14 ಇಂಚಿಗೆ ಒಂದು ಸುತ್ತಿನ ನಳಿಗೆ, ಹಿಡಿಯ ಬಣ್ಣವೆಲ್ಲ ಹೋಗಿದೆ. ಮೊನ್ನೆ ಅವರಿಂದ ಒಂದು ಫೋಟೋ ಬಂತು. ನೂರು ಗಜದ ಕಾಗದದಲ್ಲಿ ಐದು ತೂತು, ಐದನ್ನೂ ಮುಚ್ಚುವಂತೆ ಒಂದು ಕ್ವಾರ್ಟರ್ ನಾಣ್ಯ. ಕೆಳಗೆ ಒಂದೇ ಸಾಲು: "ಈ ಗುಂಡು ಇನ್ನೂ ಇದ್ದರೆ ಕಳಿಸು."