ಕೊನೆಯ ಭಾನುವಾರದ ಮ್ಯಾಚ್‌ಗೆ ಸ್ಕ್ರೀನ್‌ಶಾಟ್ ಟಿಕೆಟ್: ದುಡ್ಡು ಕಳಿಸುವ ಮುಂಚೆ ಇದನ್ನೊಮ್ಮೆ ಓದಿ

ಸೆಪ್ಟೆಂಬರ್ ಮುಗಿಯುತ್ತ ಬಂದಂತೆ ಅಮೆರಿಕ, ಕೆನಡಾದಲ್ಲಿರುವ ನಮ್ಮವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಭಾನುವಾರದ ಮ್ಯಾಚ್‌ಗೆ ಎಕ್ಸ್‌ಟ್ರಾ ಟಿಕೆಟ್ ಯಾರ ಹತ್ರಾನಾದ್ರೂ ಇದೆಯಾ?" ಊರಿನ ಬೇಸ್‌ಬಾಲ್ ತಂಡ ತನ್ನ ಡಿವಿಷನ್‌ನಲ್ಲಿ (ಲೀಗ್‌ನೊಳಗಿನ ಐದು ತಂಡಗಳ ಗುಂಪು) ಒಂದೇ ಗೇಮ್ ಮುಂದೆಯೋ ಹಿಂದೆಯೋ ಇದ್ದರಂತೂ, ಆರು ತಿಂಗಳು ಸ್ಕೋರ್ ಕಡೆ ತಿರುಗಿಯೂ ನೋಡದವರು ಟಿಕೆಟ್ ಹುಡುಕತೊಡಗುತ್ತಾರೆ. ಆ ಹೊತ್ತಿಗೇ ಕಾದು ಕೂತಿರುವ ಕಳ್ಳರಿದ್ದಾರೆ. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಥವನೊಬ್ಬ ನಮಗೆ ಹೇಗೆ ಟೋಪಿ ಹಾಕಿದ ಅನ್ನುವುದನ್ನು ಬಿಡಿಸಿ ಬರೆಯುತ್ತಿದ್ದೇನೆ. ಅವರ ಪಟ್ಟು ಇವತ್ತಿಗೂ ಅದೇ.

ಆ ವರ್ಷದ ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ನ್ಯಾಷನಲ್ ಲೀಗ್ ವೆಸ್ಟ್ ಡಿವಿಷನ್ ಅನ್ನು ಲಾಸ್ ಏಂಜಲೀಸ್ ಡಾಡ್ಜರ್ಸ್ 2013ರಿಂದ 2020ರವರೆಗೆ ಸತತ ಎಂಟು ವರ್ಷ ಗೆದ್ದಿತ್ತು. 2021ರಲ್ಲೂ ಹಾಗೇ ಆಗುತ್ತದೆ ಎಂದೇ ಎಲ್ಲರ ಲೆಕ್ಕ. ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ತಂಡವನ್ನು ಯಾರೂ ಗಣನೆಗೆ ತೆಗೆದುಕೊಂಡಿರಲಿಲ್ಲ. ಅಂಥ ತಂಡ ಗೆಲ್ಲುತ್ತ ಹೋಯಿತು, ಡಾಡ್ಜರ್ಸ್ ಬೆನ್ನು ಬಿಡಲಿಲ್ಲ. 162 ಮ್ಯಾಚ್‌ಗಳ ಸೀಸನ್‌ನಲ್ಲಿ 159 ಮುಗಿದಾಗ ಜೈಂಟ್ಸ್ 105 ಗೆಲುವು, ಡಾಡ್ಜರ್ಸ್ 103. ಆಗಿನ ನಿಯಮದ ಪ್ರಕಾರ ಮೊದಲ ಸ್ಥಾನದವರು ನೇರವಾಗಿ ಪ್ಲೇಆಫ್‌ನ ಐದು ಪಂದ್ಯಗಳ ಸರಣಿಗೆ ಹೋಗುತ್ತಿದ್ದರು. ಎರಡನೆಯವರು ನೂರಕ್ಕೂ ಹೆಚ್ಚು ಗೆದ್ದಿದ್ದರೂ ಒಂದೇ ಒಂದು ವೈಲ್ಡ್ ಕಾರ್ಡ್ ಪಂದ್ಯ ಆಡಬೇಕು, ಸೋತರೆ ಗಂಟುಮೂಟೆ ಕಟ್ಟಬೇಕು. ಹಾಗಾಗಿ ಒಂದು ಗೇಮ್‌ನ ಅಂತರಕ್ಕೂ ಜೀವ ಕೈಯಲ್ಲಿ ಹಿಡಿದು ಕೂರುವ ಪರಿಸ್ಥಿತಿ. ಸಾಲದ್ದಕ್ಕೆ ಕೊನೆಯ ವಾರಕ್ಕೆ ಮುಂಚೆ ಜೈಂಟ್ಸ್‌ನ ಬ್ಯಾಟರ್ ಬ್ರ್ಯಾಂಡನ್ ಬೆಲ್ಟ್ ಹೆಬ್ಬೆರಳು ಮುರಿದುಕೊಂಡಿದ್ದ.

ಶುಕ್ರವಾರ ಸ್ಯಾನ್ ಡಿಯಾಗೋ ಪ್ಯಾಡ್ರೆಸ್ ವಿರುದ್ಧ ಜೈಂಟ್ಸ್ 3-0 ಗೆದ್ದಿತು. ಶನಿವಾರ ಗೆದ್ದರೆ ಅಲ್ಲಿಗೆ ಮುಗಿಯಿತು, ಭಾನುವಾರ ಆರಾಮಾಗಿ ಮನೆಯಲ್ಲಿ ಟಿವಿ ನೋಡುವುದು ಅಂತ ನಾವಿದ್ದೆವು. ಶನಿವಾರ ಹತ್ತನೇ ಇನ್ನಿಂಗ್ಸ್‌ನಲ್ಲಿ 3-2ಕ್ಕೆ ಸೋತರು. ಅತ್ತ ಡಾಡ್ಜರ್ಸ್ ಗೆದ್ದೇ ಗೆದ್ದಿತು. ಅಂತರ ಒಂದಕ್ಕೆ ಇಳಿಯಿತು. ಭಾನುವಾರ, ಅಕ್ಟೋಬರ್ 3, ಸೀಸನ್‌ನ ಕೊನೆಯ ದಿನ.

ಅಕ್ಕನ ಮಗ ಇಲ್ಲೇ ಹುಟ್ಟಿ ಬೆಳೆದವನು, ಜೈಂಟ್ಸ್‌ನ ಕ್ಯಾಚರ್ ಬಸ್ಟರ್ ಪೋಸಿ ಅಂದರೆ ಪ್ರಾಣ. "ಮಾಮ, ನಾಳೆ ಹೋಗ್ಲೇಬೇಕು" ಅಂತ ಹಟ ಹಿಡಿದ. ಅಧಿಕೃತ ಸೈಟ್ ತೆರೆದರೆ ಒಟ್ಟಿಗೆ ಮೂರು ಸೀಟ್ ಇಲ್ಲ. ಮರುಮಾರಾಟದ ಸೈಟ್‌ನಲ್ಲಿ ಪುಟ ತಿರುಗಿಸಿದಾಗಲೆಲ್ಲ ಬೆಲೆ ಏರುತ್ತಿತ್ತು. ಆಗೆಲ್ಲ ಕೊನೆಯ ಪರದೆಗೆ ಬಂದ ಮೇಲೆಯೇ ಫೀಸ್ ಅಂತ ಇನ್ನೊಂದು ದೊಡ್ಡ ಮೊತ್ತ ಸೇರಿಸುತ್ತಿದ್ದರು. ಅದನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. ಅಪರಿಚಿತರಿಂದ ಕೊಳ್ಳುವವರಲ್ಲಿ ಅರ್ಧ ಜನ ಈ ಫೀಸಿನ ಸಿಟ್ಟಿಗೇ ಅತ್ತ ತಿರುಗಿದವರು ಎಂದು ನನ್ನ ಅಂದಾಜು. ಕಳ್ಳರಿಗೂ ಇದು ಚೆನ್ನಾಗಿ ಗೊತ್ತು. ನಮಗೆ ಸಿಕ್ಕವನ ಮೊದಲ ಮಾತೇ "ನನ್ನ ಹತ್ತಿರ ಫೀಸ್ ಇಲ್ಲ, ಮುಖಬೆಲೆ ಕೊಟ್ಟರೆ ಸಾಕು" ಎಂದು.

ಅಭಿಮಾನಿಗಳ ಗುಂಪೊಂದರಲ್ಲಿ ಸಿಕ್ಕವನು. ಪ್ರೊಫೈಲ್ ಫೋಟೋದಲ್ಲಿ ಕಪ್ಪು-ಕಿತ್ತಳೆ ಕ್ಯಾಪ್ ಹಾಕಿದ ಗಂಡ, ಹೆಂಡತಿ, ಮಗು. ಸೀಸನ್ ಟಿಕೆಟ್ ಇಟ್ಟುಕೊಂಡವನಂತೆ, ಮಗಳಿಗೆ ಜ್ವರವಂತೆ, ಸೀಟು ಖಾಲಿ ಹೋಗುವುದು ಇಷ್ಟವಿಲ್ಲವಂತೆ. ಮೇಲಿನ ಅಂತಸ್ತಿನಲ್ಲಿ ಮೂರು ಸೀಟ್, ಸೆಕ್ಷನ್, ಸಾಲು, ನಂಬರ್ ಎಲ್ಲ ಸರಿಯಾಗಿ ಹೇಳಿದ. ಟಿಕೆಟ್ ಆ್ಯಪ್‌ನಲ್ಲೇ ಅವನ್ನು ಫಾರ್ವರ್ಡ್ ಮಾಡು ಅಂದದ್ದಕ್ಕೆ, "ರಾತ್ರಿಯಿಂದ ಆ್ಯಪ್ ಕೈ ಕೊಡ್ತಿದೆ, ಎಲ್ಲರೂ ಒಟ್ಟಿಗೆ ಬಿದ್ದಿದ್ದಾರೆ ನೋಡಿ. ಸದ್ಯಕ್ಕೆ ಬಾರ್‌ಕೋಡ್ ಸ್ಕ್ರೀನ್‌ಶಾಟ್ ಕಳಿಸ್ತೀನಿ, ಗೇಟ್‌ನಲ್ಲಿ ಅದೇ ನಡೆಯುತ್ತೆ" ಎಂದ. ದುಡ್ಡು ಬ್ಯಾಂಕ್ ಖಾತೆಯಿಂದ ಖಾತೆಗೆ ನೇರವಾಗಿ ಹೋಗುವ ಆ್ಯಪ್‌ನಲ್ಲೇ ಬೇಕು. ದುಡ್ಡು ಸಂದ ಮೇಲೆ ಇನ್ನೊಂದು ಮೆಸೇಜ್: "ಸೋಮವಾರದ ಟೈಬ್ರೇಕರ್ ಟಿಕೆಟ್ ಕೂಡ ಇದೆ, ಬೇಕಾ?" ಭಾನುವಾರ ಜೈಂಟ್ಸ್ ಸೋತು ಡಾಡ್ಜರ್ಸ್ ಗೆದ್ದರೆ ಇಬ್ಬರೂ 106ರಲ್ಲಿ ಸಮ ಆಗಿ, ಸೋಮವಾರ ಅದೇ ಮೈದಾನದಲ್ಲಿ 163ನೇ ಮ್ಯಾಚ್ ನಡೆಯಬೇಕಿತ್ತು. ಇಷ್ಟೆಲ್ಲ ತಿಳಿದವನು ಅಭಿಮಾನಿಯೇ ಇರಬೇಕು ಅನ್ನಿಸುತ್ತದೆ. ಈ ಪಟ್ಟಿನ ಬಲ ಇರುವುದೇ ಅಲ್ಲಿ. ಪಾಯಿಂಟ್ ಟೇಬಲ್ ಅನ್ನು ನಮಗಿಂತ ಚೆನ್ನಾಗಿ ಓದಿಕೊಂಡು ಬಂದಿರುತ್ತಾರೆ.

ಸನ್ನಿವೇಲ್‌ನಿಂದ ಕ್ಯಾಲ್‌ಟ್ರೇನ್ ಹತ್ತಿ ಕಿಂಗ್ ಸ್ಟ್ರೀಟ್ ಸ್ಟೇಷನ್‌ನಲ್ಲಿ ಇಳಿದು, ಜನರ ಜೊತೆ ಜನರಾಗಿ ಜೈಂಟ್ಸ್ ಮೈದಾನ ಒರಾಕಲ್ ಪಾರ್ಕ್‌ವರೆಗೆ ನಡೆದೆವು. ವಿಲ್ಲಿ ಮೇಸ್ ಪ್ರತಿಮೆಯ ಪಕ್ಕದ ಗೇಟ್. ಸ್ಕ್ಯಾನರ್ ಕೆಂಪು ತೋರಿಸಿತು. ಗೇಟಿನ ಹೆಂಗಸು ಫೋನನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿ, ಈ ಮೂರೂ ಟಿಕೆಟ್ ಆಗಲೇ ಒಳಗೆ ಹೋಗಿವೆ, ಅಲ್ಲದೆ ಸ್ಕ್ರೀನ್‌ಶಾಟ್ ನಾವು ತೆಗೆದುಕೊಳ್ಳುವುದಿಲ್ಲ ಎಂದಳು. ಪಕ್ಕಕ್ಕೆ ಸರಿದು ನಿಂತರೆ ಅಲ್ಲೇ ಇನ್ನೊಂದು ಕುಟುಂಬ, ಅದೇ ಪೆಚ್ಚುಮೋರೆ. ಅವರ ಫೋನಿನಲ್ಲೂ ಅದೇ ಸೆಕ್ಷನ್, ಅದೇ ಸಾಲು, ಅವೇ ನಂಬರ್. ಎರಡೂ ಫೋನ್ ಅಕ್ಕಪಕ್ಕ ಹಿಡಿದಾಗ ಕಂಡಿತು: ಚಿತ್ರದ ಮೇಲ್ತುದಿಯಲ್ಲಿ ಗಂಟೆ 8:17, ಬ್ಯಾಟರಿ ಮುಗಿಯುತ್ತ ಬಂದ ಕೆಂಪು ಗುರುತು. ಇಬ್ಬರದರಲ್ಲೂ ಅದೇ ಗಂಟೆ, ಅದೇ ಕೆಂಪು. ಒಂದೇ ಚಿತ್ರವನ್ನು ಎಷ್ಟು ಜನರಿಗೆ ಮಾರಿದ್ದನೋ! "ಮಾಮ, ಹಾಗಾದ್ರೆ ನಮ್ಮ ಸೀಟಲ್ಲಿ ಈಗ ಯಾರು ಕೂತಿದ್ದಾರೆ?" ಎಂದು ಹುಡುಗ ಕೇಳಿದ. ಬಹುಶಃ ನಿಜವಾದ ಟಿಕೆಟ್ ಇದ್ದವರೇ ಕೂತಿದ್ದರು. ಅವರ ಟಿಕೆಟ್ ಫೋಟೋ ಎಲ್ಲಿಂದಲೋ ಕದ್ದದ್ದಿರಬೇಕು.

ಮ್ಯಾಚ್ ಕಿಂಗ್ ಸ್ಟ್ರೀಟ್‌ನ ಫುಟ್‌ಪಾತ್ ಮೇಲೆ ಕಳೆಯಿತು, ಕಿವಿಗೆ ಇಯರ್‌ಫೋನ್, ಕೆಎನ್‌ಬಿಆರ್ ರೇಡಿಯೋದಲ್ಲಿ ಜಾನ್ ಮಿಲ್ಲರ್ ಕಾಮೆಂಟರಿ. ಫೋನಿನಲ್ಲಿ ರೇಡಿಯೋ ಕೆಲವು ಸೆಕೆಂಡ್ ತಡ, ಹಾಗಾಗಿ ಗೋಡೆಯಾಚೆಯಿಂದ ಮೊದಲು ಕೂಗು ಕೇಳುತ್ತಿತ್ತು, ಏನಾಯಿತು ಅನ್ನುವುದು ಆಮೇಲೆ. ಚೆಂಡೆಸೆಯುವ ಪಿಚರ್ ಲೋಗನ್ ವೆಬ್‌ನೇ ಹೋಮ್ ರನ್ ಹೊಡೆದಾಗ ಆ ಕೂಗು ನಿಲ್ಲಲೇ ಇಲ್ಲ. ಮೇಜರ್ ಲೀಗ್‌ನಲ್ಲಿ ಅವನ ಮೊದಲ ಹೋಮ್ ರನ್ ಅದು. ಮುಂದಿನ ವರ್ಷದಿಂದ ನ್ಯಾಷನಲ್ ಲೀಗ್‌ನಲ್ಲೂ ಪಿಚರ್‌ಗಳ ಬದಲು ಬೇರೆಯವರು ಬ್ಯಾಟ್ ಹಿಡಿಯುವ ನಿಯಮ ಬಂತು, ಅಂಥದ್ದು ಇನ್ನು ನೋಡಸಿಗುವುದೇ ಅಪರೂಪ. 11-4ಕ್ಕೆ ಗೆದ್ದರು, 107 ಗೆಲುವು, ತಂಡದ ಇತಿಹಾಸದಲ್ಲೇ ಅತಿ ಹೆಚ್ಚು. ಡಾಡ್ಜರ್ಸ್ 106ಕ್ಕೆ ನಿಂತಿತು. ಆ ಸೀಸನ್ ಮುಗಿಸಿ ಪೋಸಿ ನಿವೃತ್ತಿ ಘೋಷಿಸಿದ. ಅವತ್ತು ಅವನ ಆಟವನ್ನು ಹುಡುಗನಿಗೆ ಒಳಗೆ ಕೂತು ನೋಡಲಾಗಲಿಲ್ಲವಲ್ಲ, ದುಡ್ಡಿಗಿಂತ ಇದು ನನಗೆ ಹೆಚ್ಚು ಉರಿಯುತ್ತದೆ.

ದುಡ್ಡಿನ ವಿಚಾರ ಚುಟುಕಾಗಿ: ಬಂದಿಲ್ಲ. ಆ ಖಾತೆ ಮಾರನೇ ದಿನ ಮಾಯ. ಬ್ಯಾಂಕಿನವರು "ನೀವೇ ಒಪ್ಪಿ ಕಳಿಸಿದ ಹಣ, ಇದು ವಂಚನೆಯ ಲೆಕ್ಕಕ್ಕೆ ಬರುವುದಿಲ್ಲ" ಎಂದು ಕೈ ತೊಳೆದುಕೊಂಡರು. ಗ್ರಾಹಕರ ಹಿತ ಕಾಯುವ ಅಮೆರಿಕ ಸರ್ಕಾರದ ಸಂಸ್ಥೆ ಎಫ್‌ಟಿಸಿಗೂ ಎಫ್‌ಬಿಐನ ಇಂಟರ್‌ನೆಟ್ ಅಪರಾಧ ವಿಭಾಗಕ್ಕೂ ಆನ್‌ಲೈನ್‌ನಲ್ಲಿ ದೂರು ಕೊಟ್ಟದ್ದಾಯಿತು. ಅಂಥ ದೂರು ಕೊಡಿ, ಆದರೆ ಅದರಿಂದ ದುಡ್ಡು ಬರುತ್ತದೆ ಅಂತ ಕಾಯಬೇಡಿ. ಕ್ರೆಡಿಟ್ ಕಾರ್ಡ್‌ನಲ್ಲಿ ಕೊಟ್ಟಿದ್ದರೆ ಡಿಸ್ಪ್ಯೂಟ್ ಹಾಕುವ ದಾರಿಯಾದರೂ ಇರುತ್ತದೆ. ಮಾರುವವನು ಕಾರ್ಡ್ ಬೇಡ, ನೇರ ವರ್ಗಾವಣೆಯೇ ಬೇಕು ಅಂದನೋ, ಮಾತು ಅಲ್ಲಿಗೇ ನಿಲ್ಲಿಸಿ.

ಟಿಕೆಟ್ ನಿಮ್ಮದಾಗುವುದು ಅದು ನಿಮ್ಮ ಸ್ವಂತ ಬಾಲ್‌ಪಾರ್ಕ್ ಆ್ಯಪ್‌ಗೆ (ಮೇಜರ್ ಲೀಗ್‌ನ ಅಧಿಕೃತ ಟಿಕೆಟ್ ಆ್ಯಪ್) ಬಂದು ಕೂತಾಗ. ಆ್ಯಪ್ ಮೂಲಕ ಒಬ್ಬರು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಿದರೆ ಹಳೆಯ ಬಾರ್‌ಕೋಡ್ ಸತ್ತು, ಪಡೆದವರ ಹೆಸರಿಗೆ ಹೊಸದು ಬರುತ್ತದೆ. ಚಿತ್ರಕ್ಕೆ ಆ ಗುಣ ಇಲ್ಲ, ನೂರು ಜನರಿಗೆ ಕಳಿಸಿದರೂ ಅದು ಅದೇ ಚಿತ್ರ. ಕನ್ನಡ ಕೂಟದಲ್ಲಿ ಪರಿಚಯವಾದವರೇ ಆಗಲಿ, ಆಫೀಸಿನವರೇ ಆಗಲಿ, ಫಾರ್ವರ್ಡ್ ಆದ ಮೇಲೆ ದುಡ್ಡು ಅನ್ನಿ. ನಿಜವಾಗಿ ಟಿಕೆಟ್ ಇರುವವರಿಗೆ ಅದು ಅರ್ಧ ನಿಮಿಷದ ಕೆಲಸ, ಬೇಜಾರೂ ಮಾಡಿಕೊಳ್ಳುವುದಿಲ್ಲ. ಮತ್ತೆ ನಿಮ್ಮ ಕೈಗೆ ಟಿಕೆಟ್ ಬಂದ ಖುಷಿಗೆ ಬಾರ್‌ಕೋಡ್ ಕಾಣುವ ಹಾಗೆ ಸ್ಟೇಟಸ್ ಹಾಕಬೇಡಿ ಮಹರಾಯರೇ, ಕಳ್ಳರಿಗೆ ಮಾಲು ಸಿಗುವುದೇ ಅಲ್ಲಿಂದ.

ಫೀಸಿನ ಕಾಟ ಈಗ ಸ್ವಲ್ಪ ಕಡಿಮೆ. 2025ರ ಮೇ ತಿಂಗಳಿಂದ ಎಫ್‌ಟಿಸಿ ನಿಯಮ ಜಾರಿಯಲ್ಲಿದೆ, ಟಿಕೆಟ್ ಮಾರುವವರು ಎಲ್ಲ ಸೇರಿದ ಪೂರ್ತಿ ಬೆಲೆಯನ್ನು ಮೊದಲೇ ತೋರಿಸಬೇಕು. ಫೀಸ್ ತಪ್ಪುವುದಿಲ್ಲ, ಕೊನೆಯ ಪರದೆಯ ಆಘಾತ ತಪ್ಪುತ್ತದೆ.

ಇನ್ನೊಂದು, ಇದನ್ನು ಗುಂಪಿನಲ್ಲಿ ಎಲ್ಲರಿಗೂ ಹೇಳಿ. ಯಾರಾದರೂ "ಸಮ ಆದರೆ ಬೇಕಾಗುತ್ತೆ, ಟೈಬ್ರೇಕರ್ ಮ್ಯಾಚ್ ಟಿಕೆಟ್ ಇದೆ" ಎಂದರೆ ಅದು ನೂರಕ್ಕೆ ನೂರು ಮೋಸ. 2022ರಿಂದ 163ನೇ ಮ್ಯಾಚ್ ಎಂಬುದೇ ಇಲ್ಲ. ಗೆಲುವು ಸಮ ಆದರೆ ಎರಡೂ ತಂಡ ಪರಸ್ಪರ ಆಡಿದ ಪಂದ್ಯಗಳ ಲೆಕ್ಕ ನೋಡುತ್ತಾರೆ. ಆ ವರ್ಷವೇ ಬ್ರೇವ್ಸ್ ಮತ್ತು ಮೆಟ್ಸ್ ಇಬ್ಬರೂ 101 ಗೆದ್ದರು, ಪರಸ್ಪರ ಪಂದ್ಯಗಳಲ್ಲಿ 10-9 ಮುಂದಿದ್ದ ಬ್ರೇವ್ಸ್‌ಗೆ ಡಿವಿಷನ್ ಹೋಯಿತು. 2025ರಲ್ಲಿ ಟೊರಾಂಟೊ ಬ್ಲೂ ಜೇಸ್ ಮತ್ತು ಯಾಂಕೀಸ್ ಇಬ್ಬರದೂ 94, 8-5ರ ಲೆಕ್ಕದಲ್ಲಿ ಬ್ಲೂ ಜೇಸ್ ಗೆದ್ದಿತು. ಎರಡು ಸಲವೂ ಹೆಚ್ಚುವರಿ ಮ್ಯಾಚ್ ನಡೆಯಲಿಲ್ಲ.

ಕೊನೆಯ ಭಾನುವಾರ ಎಲ್ಲ ಮ್ಯಾಚ್‌ಗಳೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಶುರುವಾಗುತ್ತವೆ, ಪಶ್ಚಿಮ ಕರಾವಳಿಯಲ್ಲಿ ಮಧ್ಯಾಹ್ನ ಹನ್ನೆರಡರ ಸುಮಾರಿಗೆ. ಬೆಳಿಗ್ಗೆ ಎದ್ದು ವಿಚಾರಿಸಿ ಸರಿಪಡಿಸಿಕೊಳ್ಳುವಷ್ಟು ಸಮಯ ಇರುವುದಿಲ್ಲ. ಶನಿವಾರ ರಾತ್ರಿ ಮಲಗುವ ಮುಂಚೆ ಟಿಕೆಟ್ ಆ್ಯಪ್‌ನಲ್ಲಿ ಕಾಣದಿದ್ದರೆ ಟಿಕೆಟ್ ಇಲ್ಲ ಎಂದೇ ತಿಳಿದು, ಬೆಳಿಗ್ಗೆ ಅಧಿಕೃತ ಸೈಟನ್ನೇ ಮತ್ತೆ ನೋಡಿ. ಒಟ್ಟಿಗೆ ಮೂರು ಸೀಟ್ ಸಿಗದಿದ್ದರೆ ಬಿಡಿಬಿಡಿಯಾಗಿ ಹುಡುಕಿ.